ಹಸಿರು ಅಂಕಿ ಯಾರ ಪರ ಸಾಕ್ಷಿ?

ಜಲ್ಲಿ ಕ್ರಷರಿನ ಧೂಳಿನ ವಿರುದ್ಧ ಗ್ರಾಮಸಭೆಯಲ್ಲಿ ದನಿಯೆತ್ತಿದವರಿಗೆ ಈಗ ಹೊಸದೊಂದು ಉತ್ತರ ಸಿದ್ಧವಾಗಿದೆ. ಜೇಬಿನಿಂದ ಮೊಬೈಲ್ ಹೊರಬರುತ್ತದೆ. ಪರದೆಯ ಮೇಲೆ ಹಸಿರು ಬಣ್ಣದ 42. ‘ನಿಮ್ಮೂರಿನ ಗಾಳಿ ಉತ್ತಮವಾಗಿದೆಯಲ್ಲ!’ ಎಂಬ ಮಾತಿನೊಂದಿಗೆ ಚರ್ಚೆ ಮುಗಿಯುತ್ತದೆ. ಅಡಿಕೆ ಸೋಗೆಯ ಮೇಲೆ ಕೂತ ಬಿಳಿಧೂಳನ್ನು ಕಣ್ಣಾರೆ ಕಂಡವರು ಅಂಕಿಯ ಮುಂದೆ ಮೌನವಾಗುತ್ತಾರೆ. ಈ ಮೌನ ಅನಗತ್ಯ.

ಮೊದಲು ಕೇಳಬೇಕಾದುದು, ಇದನ್ನು ಅಳೆದದ್ದು ಎಲ್ಲಿ? ಮಡಿಕೇರಿ, ಚಿಕ್ಕಮಗಳೂರು ಪಟ್ಟಣಗಳಲ್ಲಿ ಸರ್ಕಾರಿ ಮಾಪನ ಕೇಂದ್ರಗಳಿವೆ. ಘಟ್ಟದ ಬಹುತೇಕ ಹಳ್ಳಿಗಳಲ್ಲಿಲ್ಲ. ಆದರೂ ಹಲವು ಆ್ಯಪ್‌ಗಳು ಪ್ರತಿ ಊರಿಗೂ ಒಂದು ಅಂಕಿ ಹಂಚುತ್ತವೆ. ಅದು ಅಳತೆಯಲ್ಲ, ಉಪಗ್ರಹದ ನೋಟ, ಹವಾಮಾನದ ಲೆಕ್ಕ, ದೂರದ ಕೇಂದ್ರದ ಮಾಹಿತಿಗಳನ್ನು ಬೆರೆಸಿದ ಅಂದಾಜು. ಯುರೋಪಿನ ಕೋಪರ್ನಿಕಸ್ ವ್ಯವಸ್ಥೆಯ ಜಾಗತಿಕ ಮುನ್ಸೂಚನೆಯಲ್ಲಿ ಒಂದೊಂದು ಚೌಕವೂ ಸುಮಾರು 40 ಕಿ.ಮೀ. ಅಗಲ. ಅಷ್ಟರಲ್ಲಿ ನಮ್ಮ ಎಷ್ಟು ಗುಡ್ಡ, ಎಷ್ಟು ಕಣಿವೆ! ಒಂದು ಕ್ರಷರ್ ಅಲ್ಲಿ ಕಂಡೀತೇ?

ಎರಡನೆಯದು, ಯಾವ ದೇಶದ ಅಳತೆಗೋಲು? ಒಂದು ಘನಮೀಟರ್ ಗಾಳಿಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮಕಣ 60 ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕ 100, ಅಂದರೆ ‘ಸಮಾಧಾನಕರ’. ಅದೇ ಗಾಳಿಗೆ ಅಮೆರಿಕದ ಸೂಚ್ಯಂಕ 150ನ್ನು ದಾಟಿ ‘ಅನಾರೋಗ್ಯಕರ’ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ದಿನದ ಮಿತಿಯಂತೂ 15 ಮೈಕ್ರೋಗ್ರಾಂ ಮಾತ್ರ. ಶ್ವಾಸಕೋಶ ಒಂದೇ, ಸಮಾಧಾನ ಮಾತ್ರ ಬೇರೆ ಬೇರೆ!

ಮೂರನೆಯದು, ಯಾವ ಕಣ, ಎಷ್ಟು ಹೊತ್ತಿನ ಸರಾಸರಿ? ಕಲ್ಲು ಪುಡಿ ಮಾಡುವಾಗ ಏಳುವ ಧೂಳಿನ ಬಹುಭಾಗ ಪಿಎಂ 10 ಮತ್ತು ಅದಕ್ಕಿಂತ ದಪ್ಪ ಕಣಗಳದ್ದು. ಅದು ಹತ್ತಿರದಲ್ಲೇ ಇಳಿಯುತ್ತದೆ. ಪಿಎಂ 2.5ನ್ನು ಮಾತ್ರ ನೋಡುವ ಲೆಕ್ಕಕ್ಕೆ ಅದು ಸಿಕ್ಕದು. ನಮ್ಮ ಸೂಚ್ಯಂಕ ಕಣಗಳನ್ನು 24 ಗಂಟೆಗಳ ಸರಾಸರಿಯಲ್ಲಿ ಎಣಿಸುತ್ತದೆ. ಹಗಲಿನ ಎಂಟು ತಾಸಿನ ಧೂಳು ರಾತ್ರಿಯ ತಿಳಿಗಾಳಿಯಲ್ಲಿ ಕರಗಿ ಕಾಗದದ ಮೇಲೆ ಶುದ್ಧವಾಗುತ್ತದೆ. ಕಲ್ಲಿನ ಸಿಲಿಕಾ ಕಣ ಕಾರ್ಮಿಕನ ಎದೆಯಲ್ಲಿ ಹಾಗೆ ಕರಗುವುದಿಲ್ಲ.

ನಾವೂ ಪ್ರಾಮಾಣಿಕರಾಗಿರೋಣ. ಅಗ್ಗದ ಸಂವೇದಕಗಳು ದಟ್ಟ ಮಂಜಿನ ತೇವವನ್ನೂ ಕಣವೆಂದು ಎಣಿಸಿ ಅಂಕಿ ಏರಿಸುವುದುಂಟು. ಅಂಥ ಕೆಂಪು ಅಂಕಿಯನ್ನು ಹಿಡಿದು ನಾವು ಕೂಗಿದರೆ ಅದೂ ಸುಳ್ಳೇ. ಅಡಿಕೆ ಬೇಯಿಸುವ ಒಲೆಯ ಮುಂದೆ ನಮ್ಮ ಹೆಣ್ಣುಮಕ್ಕಳು ಕುಡಿಯುವ ಹೊಗೆಯೂ ಯಾವ ಆ್ಯಪ್‌ನಲ್ಲಿಯೂ ಇಲ್ಲ. ಆ ಲೋಪದ ಹೊಣೆ ನಮ್ಮದೇ.

ಹಾಗಾದರೆ ಮಾಡಬೇಕಾದುದೇನು? 1981ರ ವಾಯು ಕಾಯ್ದೆಯಡಿ ಕ್ರಷರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಆ ಸಮ್ಮತಿಯ ಷರತ್ತುಗಳನ್ನೂ ಸ್ಥಳದಲ್ಲಿ ಅಳೆದ ವರದಿಗಳನ್ನೂ 2005ರ ಮಾಹಿತಿ ಹಕ್ಕಿನಡಿ ಕೇಳಿ ಪಡೆಯೋಣ. ವಿದ್ಯಾರ್ಥಿಗಳು ಧೂಳೆದ್ದ ದಿನ, ಹೊತ್ತು, ಗಾಳಿಯ ದಿಕ್ಕುಗಳನ್ನು ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ಗ್ರಾಮಸಭೆಯಲ್ಲಿ ಮೊಬೈಲ್ ಹೊರಬಂದಾಗ ಮೌನ ಬೇಡ. ಎಲ್ಲಿ ಅಳೆದಿರಿ, ಯಾವಾಗ ಅಳೆದಿರಿ, ಯಾವ ಕಣವನ್ನು ಅಳೆದಿರಿ ಎಂದು ಕೇಳಿ. ಉತ್ತರವಿಲ್ಲದ ಅಂಕಿ ಸಾಕ್ಷಿಯಾಗಲಾರದು.