ಇಲ್ಲದ ಇಲಿಗೆ ಅತ್ತ ಮಗು



ಅರಸೀಕೆರೆಯ ಸೋದರಿಯೊಬ್ಬರು ಬರೆದ ಪತ್ರ ನಮ್ಮ ಮುಂದಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮೈದುನ ಹಬ್ಬಕ್ಕೆಂದು ಊರಿಗೆ ಬಂದಾಗ ಕಣ್ಣಿಗೆ ಕಟ್ಟಿಕೊಂಡು ನೋಡುವ ಯಂತ್ರವೊಂದನ್ನು ತಂದನಂತೆ. ಹನ್ನೆರಡು ತುಂಬಿದ ಮಗ ಅದನ್ನು ಕಟ್ಟಿಕೊಂಡು ಬಹಳ ಹೊತ್ತು ಕುಳಿತಲ್ಲೇ ಕುಳಿತಿದ್ದ. ಬಿಚ್ಚಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಏನಾಯಿತೆಂದು ಕೇಳಿದರೆ, "ಇಲಿಮರಿಗೆ ಪೆಟ್ಟಾಯಿತಮ್ಮ" ಎಂದನಂತೆ. ಅದನ್ನು ಕೇಳಿದ ಅವರ ಅತ್ತೆಯವರು, "ಇಲ್ಲದ ಇಲಿಗೆ ಅಳುವ ಕೂಸು ನಾಳೆ ಇರುವ ಮನುಷ್ಯರಿಗೆ ಅಳುತ್ತದೆಯೇನವ್ವ? ಆ ಡಬ್ಬ ಮನೆಯಲ್ಲಿ ಬೇಡ" ಎಂದುಬಿಟ್ಟರು. ಮೈದುನ ಮುನಿಸಿಕೊಂಡ. ಮಗ ಊಟ ಬಿಟ್ಟ. ಆ ಯಂತ್ರ ಈಗ ಅಟ್ಟದ ಮೇಲಿದೆ. ಇಳಿಸಬೇಕೋ, ಅಲ್ಲಿಯೇ ಬಿಡಬೇಕೋ ಎಂಬುದು ಸೋದರಿಯ ಪ್ರಶ್ನೆ.

ಅತ್ತೆಯವರ ಮಾತನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವಂತಿಲ್ಲ. ಆದ್ದರಿಂದ ಆ ಆಟವೇನು, ಅದನ್ನು ಆಡಿದವರು ಏನೆಂದರು ಎಂಬುದನ್ನು ಮೊದಲು ತಿಳಿಯೋಣ.

ಯಂತ್ರದ ಗುಟ್ಟು ಹೊಸದೇನಲ್ಲ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ಕಾಣುತ್ತವೆ. ಮಿದುಳು ಅವೆರಡನ್ನೂ ಕೂಡಿಸಿ ಆಳವನ್ನು ಗ್ರಹಿಸುತ್ತದೆ. ಎರಡು ಚಿತ್ರಗಳನ್ನು ಎರಡು ಕಣ್ಣುಗಳಿಗೆ ಬೇರೆಬೇರೆಯಾಗಿ ತೋರಿಸಿ ಈ ಆಳವನ್ನು ಹುಟ್ಟಿಸಬಹುದೆಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿಯೇ ತೋರಿಸಿಕೊಟ್ಟಿದ್ದರು. ವರ್ಚುವಲ್ ರಿಯಾಲಿಟಿ ಎಂಬ ಇಂದಿನ ಯಂತ್ರ ಅದಕ್ಕೆ ಇನ್ನೊಂದನ್ನು ಸೇರಿಸಿದೆ. ತಲೆಯನ್ನು ಎತ್ತ ತಿರುಗಿಸಿದರೂ ಅತ್ತಲಿನ ನೋಟ ಆ ಕ್ಷಣವೇ ಕಣ್ಣಿಗೆ ಬೀಳುತ್ತದೆ. ಜಾತ್ರೆಯ ಬಯಸ್ಕೋಪ್ ಪೆಟ್ಟಿಗೆಯೊಳಗೆ ನಾವು ಇಣುಕುತ್ತಿದ್ದೆವು. ಇಲ್ಲಿ ಪೆಟ್ಟಿಗೆಯೇ ನಮ್ಮ ಸುತ್ತ ಕವಿದುಕೊಳ್ಳುತ್ತದೆ.

ಹುಡುಗ ಆಡಿದ್ದು 'ಮಾಸ್' ಎಂಬ ಆಟವೆಂದು ಪತ್ರದ ವಿವರಗಳಿಂದ ತಿಳಿಯುತ್ತದೆ. ಅಮೆರಿಕದ ಸಿಯಾಟಲ್ ನಗರದ ಪಾಲಿಯಾರ್ಕ್ ಎಂಬ ಸಣ್ಣ ಸಂಸ್ಥೆ ಇದನ್ನು 2018ರ ಫೆಬ್ರುವರಿಯಲ್ಲಿ ಹೊರತಂದಿತು. ಮಾಸ್ ಎಂದರೆ ಹಾವಸೆ. ಕತೆ ಸರಳವಾದುದು. ಆಡುವವನು ಒಂದು ಹಳೆಯ ಗ್ರಂಥಾಲಯದಲ್ಲಿ ಕುಳಿತು ಪುಸ್ತಕವೊಂದನ್ನು ತೆರೆಯುತ್ತಾನೆ. ಪುಟಗಳೊಳಗಿನ ಕಾಡು ಎದುರಿಗೆ ಮೂಡಿ ನಿಲ್ಲುತ್ತದೆ. ಅಲ್ಲಿ ಕ್ವಿಲ್ ಎಂಬ ಅಂಗೈಯಷ್ಟು ಗಾತ್ರದ ಇಲಿಮರಿ ಇದೆ. ಅದರ ನಾಡನ್ನು ಸರ್ಪವೊಂದು ಹಾಳುಮಾಡಿದೆ; ಅಪಾಯಕ್ಕೆ ಸಿಕ್ಕ ತನ್ನ ಚಿಕ್ಕಪ್ಪನನ್ನು ಬಿಡಿಸಿಕೊಂಡು ಬರಲು ಅದು ಪುಟ್ಟ ಕತ್ತಿ ಹಿಡಿದು ಹೊರಡುತ್ತದೆ. ದಾರಿಯುದ್ದಕ್ಕೂ ತೊಡಕುಗಳು. ಬಾಗಿಲು ತೆರೆಯಲು ಯಾವ ಕಲ್ಲನ್ನು ಎತ್ತ ಸರಿಸಬೇಕು, ಯಾವ ಕಂಬವನ್ನು ತಿರುಗಿಸಬೇಕು ಎಂಬ ಒಗಟುಗಳನ್ನು ಬಿಡಿಸದೆ ಇಲಿ ಮುಂದೆ ಹೋಗಲಾರದು. ಕತೆಯ ಎಲ್ಲ ಪಾತ್ರಗಳ ಮಾತನ್ನೂ ಒಬ್ಬಳೇ ನಿರೂಪಕಿ ದನಿ ಬದಲಿಸಿ ಹೇಳುತ್ತಾಳೆ. ನಮ್ಮ ಕಥಾಕೀರ್ತನದವರು ಮಾಡುವುದೂ ಅದನ್ನೇ ಅಲ್ಲವೇ?

ಇಂಥ ಆಟಗಳನ್ನು ಇಂಗ್ಲಿಷಿನಲ್ಲಿ 'ಥರ್ಡ್ ಪರ್ಸನ್' ಎನ್ನುತ್ತಾರೆ. ನಮ್ಮ ವ್ಯಾಕರಣದ ಪುರುಷತ್ರಯವನ್ನು ಶಾಲೆಯಲ್ಲಿ ಕಲಿತವರಿಗೆ ಇದು ಸುಲಭವಾಗಿ ತಿಳಿಯುತ್ತದೆ. 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ, 'ಅವನು, ಅವಳು, ಅದು' ಪ್ರಥಮ ಪುರುಷ. (ಅವರು ಮೂರನೆಯದೆಂದು ಎಣಿಸುವುದನ್ನು ನಾವು ಪ್ರಥಮ ಎಂದು ಕರೆಯುತ್ತೇವೆ, ಎಣಿಕೆಯ ಈ ಭೇದದಿಂದ ನಮ್ಮ ಪರೀಕ್ಷೆಗಳಲ್ಲಿ ಕಳೆದುಹೋದ ಅಂಕಗಳಿಗೆ ಲೆಕ್ಕವಿಲ್ಲ!) ಬಂದೂಕು ಹಿಡಿದು ಓಡುವ ಆಟಗಳು ಬಹುಮಟ್ಟಿಗೆ ಉತ್ತಮ ಪುರುಷದವು. ಅಲ್ಲಿ ಆಡುವವನೇ ವೀರ, ಅವನ ಕೈಯೇ ತೆರೆಯ ಮೇಲಿನ ಕೈ. ಪ್ರಥಮ ಪುರುಷದ ಆಟದಲ್ಲಿ ವೀರನು ಬೇರೊಬ್ಬ. ನಾವು ಹೊರಗಿದ್ದು ಅವನನ್ನು ನಡೆಸುತ್ತೇವೆ.

ಮಾಸ್ ಬಂದಾಗ ಅನೇಕರಿಗೆ ಇದೇ ವಿಚಿತ್ರವೆನಿಸಿತ್ತು. ನಾವೇ ಒಳಹೊಕ್ಕಂತೆ ಭಾಸವಾಗುವುದೇ ಆ ಯಂತ್ರದ ಹೆಚ್ಚುಗಾರಿಕೆ ಎಂದಿರುವಾಗ, ಒಳಹೊಕ್ಕ ಮೇಲೂ ಹೊರಗೆ ಕುಳಿತು ಇನ್ನೊಬ್ಬರನ್ನು ನಡೆಸುವುದೇಕೆ? ಒಂದು ಕಾರಣ ದೇಹಕ್ಕೆ ಸಂಬಂಧಿಸಿದ್ದು. ಉತ್ತಮ ಪುರುಷದ ಆಟದಲ್ಲಿ ಕಣ್ಣು ಓಡುತ್ತಿರುತ್ತದೆ, ದೇಹ ಕುರ್ಚಿಯ ಮೇಲಿರುತ್ತದೆ. ಸಮತೋಲವನ್ನು ಕಾಯುವ ಒಳಕಿವಿಗೂ ಕಣ್ಣಿಗೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವರ ಪಾಡು ಇದೇ. ಮಾಸ್ ಆಟದಲ್ಲಿ ನೋಡುವವನು ಕುಳಿತಿರುತ್ತಾನೆ, ಓಡುವುದು ಇಲಿ. ಆದ್ದರಿಂದ ತಲೆಸುತ್ತು ಬಹಳ ಕಡಿಮೆ.

ಎರಡನೆಯ ಕಾರಣವೇ ನಮ್ಮ ಸೋದರಿಯ ಮನೆಯಲ್ಲಿ ಕಣ್ಣೀರು ತರಿಸಿದ್ದು. ಇಲಿಮರಿ ನಡೆಯುತ್ತ ನಡೆಯುತ್ತ ನಿಂತು, ತಲೆಯೆತ್ತಿ ಆಡುವವನ ಮುಖವನ್ನೇ ನೋಡುತ್ತದೆ. ಒಗಟು ಬಿಡಿಸಲಾಗದೆ ಕುಳಿತರೆ ಕೈಸನ್ನೆಯಿಂದ ಸುಳಿವು ಕೊಡುತ್ತದೆ. ಬಿಡಿಸಿದರೆ ಕುಣಿದು, ಕೈಗೆ ಕೈ ತಟ್ಟಲು ಕೈಯೆತ್ತುತ್ತದೆ. ಗಾಯಗೊಂಡಾಗ ಆಡುವವನು ಕೈಚಾಚಿ ಅದನ್ನು ಹಿಡಿದುಕೊಂಡರೆ ಚೇತರಿಸಿಕೊಳ್ಳುತ್ತದೆ. ನೀರಿನ ಮೇಲೆ ಬಾಗಿದರೆ ಮುಖವಾಡ ಧರಿಸಿದ ಆಕೃತಿಯಾಗಿ ನಮ್ಮ ಪ್ರತಿಬಿಂಬವೂ ಕಾಣುತ್ತದೆ. ಆ ಲೋಕದಲ್ಲಿ ನಮಗೊಂದು ಹೆಸರೂ ಉಂಟು: 'ಓದುಗ'. ಹೀಗೆ 'ಅದು' ಎಂದು ಆರಂಭವಾದ ಆಟ ಸ್ವಲ್ಪ ಹೊತ್ತಿನಲ್ಲಿಯೇ 'ನೀನು' ಎಂದು ಕರೆಯತೊಡಗುತ್ತದೆ. ಪ್ರಥಮ ಪುರುಷ ನಮ್ಮನ್ನು ಮಧ್ಯಮ ಪುರುಷವನ್ನಾಗಿ ಮಾಡಿಕೊಳ್ಳುತ್ತದೆ. ಈ ಆಟದ ಜೀವಾಳ ಇಲ್ಲಿದೆ ಎಂದು ನಮ್ಮ ಅಭಿಪ್ರಾಯ.

ಆಡಿದವರು ಮೆಚ್ಚಿದ್ದೂ ಇದನ್ನೇ. ಒಗಟುಗಳನ್ನು ಹೊಗಳಿದವರುಂಟು, ಕಾಡಿನ ಬೆಳಕನ್ನು ಹೊಗಳಿದವರುಂಟು. ಆದರೆ ಬಹುಜನ ಮಾತನಾಡಿದ್ದು ಇಲಿಯ ಬಗೆಗೆ, ಅದನ್ನು ಕಾಯಬೇಕೆಂದು ತಮ್ಮೊಳಗೆ ಹುಟ್ಟಿದ ಕಕ್ಕುಲತೆಯ ಬಗೆಗೆ. ಅದರ ಕೈಸನ್ನೆಗಳು ಅಮೆರಿಕದಲ್ಲಿ ಕಿವಿ ಕೇಳದವರು ನಿಜವಾಗಿ ಬಳಸುವ ಸಂಜ್ಞಾಭಾಷೆಯಿಂದ ಬಂದವು. ಆಟವೊಂದರ ನಾಯಕಿ ತಮ್ಮ ಭಾಷೆಯನ್ನಾಡಿದ್ದನ್ನು ಕಂಡು ಅಂಥವರು ಸಂತೋಷಪಟ್ಟರು.

ದೂರುಗಳೂ ಇದ್ದವು. ಮೂರು ನಾಲ್ಕು ಗಂಟೆಗಳಲ್ಲಿ ಆಟ ಮುಗಿದುಹೋಗುತ್ತದೆ, ಕತೆ ಅರ್ಧಕ್ಕೇ ನಿಲ್ಲುತ್ತದೆ, ಕೊಟ್ಟ 30 ಡಾಲರಿಗೆ ಇಷ್ಟೇ ಏನು ಎಂದು ಅನೇಕರು ಗೊಣಗಿದರು. ಮುಂದಿನ ಭಾಗ ಬಂದದ್ದು 2022ರ ಮಾರ್ಚಿನಲ್ಲಿ, ನಾಲ್ಕು ವರ್ಷ ಕಾಯಿಸಿದ ಮೇಲೆ. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆ 2020ರಲ್ಲಿ ತಂದ 'ರಾಜಿ' ಎಂಬ ಆಟಕ್ಕೂ ಇದೇ ಮಾತು ಬಂದಿತ್ತು. ಅದು ಕಣ್ಣಿಗೆ ಕಟ್ಟುವ ಆಟವಲ್ಲ, ಸಾಮಾನ್ಯ ತೆರೆಯ ಮೇಲಿನದು. ತಮ್ಮನನ್ನು ಹುಡುಕಿ ಹೊರಟ ಅಕ್ಕನೊಬ್ಬಳನ್ನು ನಾವು ಹೊರಗಿನಿಂದ ನಡೆಸಬೇಕು. ಚಿತ್ರಗಳು ಸೊಗಸು, ಮುಕ್ತಾಯ ಮಾತ್ರ ತಟ್ಟನೆ ಬಂತು ಎಂದರು ಆಡಿದವರು.

ಈ ದೂರು ಆಟಗಾರನಿಗೆ ಸಹಜ. ತಾಯಿಗೆ ಮಾತ್ರ ಇದೇ ಸಮಾಧಾನದ ಸಂಗತಿ ಎನ್ನಬೇಕು. ಮೊಬೈಲಿನಲ್ಲಿ ಮಕ್ಕಳು ಆಡುವ ಎಷ್ಟೋ ಆಟಗಳಿಗೆ ಕೊನೆಯೆಂಬುದೇ ಇಲ್ಲ; ಕೊನೆಯಿಲ್ಲದಂತೆಯೇ ಅವನ್ನು ಕಟ್ಟಿರುತ್ತಾರೆ. ಮುಗಿಯುವ ಆಟವನ್ನು ಮುಗಿಸಿ, ಯಂತ್ರವನ್ನು ಒರೆಸಿ ಇಡಬಹುದು.

ಸ್ವೀಡನ್ನಿನ ಜೋಯಿಂಕ್ ಸಂಸ್ಥೆಯ 'ಘೋಸ್ಟ್ ಜೈಂಟ್' (2019) ಎಂಬ ಇನ್ನೊಂದು ಆಟವನ್ನೂ ಇಲ್ಲಿ ಹೇಳಬೇಕು. ಅಲ್ಲಿ ಆಡುವವನು ಯಾರಿಗೂ ಕಾಣದ ದೈತ್ಯ. ಒಬ್ಬ ಪುಟ್ಟ ಹುಡುಗನಿಗೆ ಮಾತ್ರ ಕಾಣುತ್ತಾನೆ. ಮನೆಗಳ ಚಾವಣಿಯನ್ನು ಬೊಂಬೆಮನೆಯಂತೆ ತೆರೆದು, ಗಾಲಿಗಳನ್ನು ತಿರುಗಿಸಿ ಆ ಹುಡುಗನ ಕೆಲಸಗಳಿಗೆ ನೆರವಾಗುತ್ತಾನೆ. ಹುಡುಗನ ತಾಯಿ ಮನಸ್ಸಿನ ಖಿನ್ನತೆಯಿಂದ ಮಲಗಿದಲ್ಲಿಂದ ಏಳಲಾರದವಳು. ಅವಳ ಪಾಲಿನ ಕೆಲಸವನ್ನೆಲ್ಲ ಮಗು ಯಾರಿಗೂ ಹೇಳದೆ ತಾನೇ ಹೊತ್ತಿದೆ. ಒಗಟುಗಳು ತೀರ ಸುಲಭ ಎಂದು ಕೆಲವರು ಹೇಳಿದರಾದರೂ ಕತೆಯ ಆರ್ದ್ರತೆಯನ್ನು ಮೆಚ್ಚಿಕೊಂಡರು. ನಮ್ಮ ಮನೆಗಳಲ್ಲಿ ಇಂದಿಗೂ ಬಾಯಿಬಿಟ್ಟು ಆಡದ ಸಂಗತಿಯನ್ನು ಮಕ್ಕಳ ಆಟವೊಂದು ಆಡಿಬಿಟ್ಟಿದೆ.

ಇನ್ನು ಅತ್ತೆಯವರ ಪ್ರಶ್ನೆಗೆ ಬರೋಣ. ಇಲ್ಲದ ಇಲಿಗೆ ಅಳುವುದು ತಪ್ಪೆಂದರೆ, ನಾಟಕದ ಕಂಪನಿಗಳು ಊರೂರಿಗೆ ಬರುತ್ತಿದ್ದ ಕಾಲದಲ್ಲಿ ಲೋಹಿತಾಶ್ವನನ್ನು ಹಾವು ಕಚ್ಚಿದಾಗ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗದಿದ್ದದ್ದು ಉಂಟೇ? ರಂಗದ ಮೇಲೆ ಮಲಗಿದ್ದ ಹುಡುಗ ಪರದೆ ಬಿದ್ದ ಮೇಲೆ ಎದ್ದು ಊಟ ಮಾಡುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಆ ಕಣ್ಣೀರು ಸುಳ್ಳಲ್ಲ. ಅತ್ತವರೇ ಮರುದಿನ ನೆರೆಮನೆಯ ಬಾಣಂತಿಗೆ ಗಂಜಿ ಕಾಯಿಸಿ ಒಯ್ದವರು. ಒಂದು ವ್ಯತ್ಯಾಸವಂತೂ ಇದೆ. ಅಂದು ಎಲ್ಲರೂ ಕೂಡಿ ಕುಳಿತು ಅತ್ತರು. ಇಂದು ಈ ಹುಡುಗ ಮುಖಕ್ಕೆ ಯಂತ್ರ ಕಟ್ಟಿಕೊಂಡು ಒಬ್ಬನೇ ಅತ್ತ. ಅವನೇನು ಕಂಡನೆಂಬುದು ಪಕ್ಕದಲ್ಲಿಯೇ ಕುಳಿತಿದ್ದ ಅಜ್ಜಿಗೆ ಕಾಣಲಿಲ್ಲ. ಅವರಿಗೆ ಹುಟ್ಟಿದ ಭಯದ ಮೂಲ ಇದೇ ಇರಬೇಕು, ಮತ್ತು ಆ ಭಯ ನ್ಯಾಯವಾದದ್ದು.

ಇದಕ್ಕೆ ಪರಿಹಾರ ಯಂತ್ರದಲ್ಲಿಯೇ ಉಂಟು. ಒಳಗೆ ಕಾಣುವುದನ್ನು ಮನೆಯ ಟಿ.ವಿ.ಯ ಮೇಲೆಯೋ ಮೊಬೈಲಿನಲ್ಲಿಯೋ ಹೊರಗಿನವರಿಗೂ ತೋರಿಸಲು ಬರುತ್ತದೆ. ಮೈದುನನಿಗೆ ಹೇಳಿದರೆ ಅದನ್ನು ಜೋಡಿಸಿಕೊಟ್ಟಾನು. ಪ್ರಥಮ ಪುರುಷದ ಒಗಟಿನ ಆಟ ಇದಕ್ಕೆ ಹೇಳಿಮಾಡಿಸಿದಂತಿದೆ. ದೃಶ್ಯ ನಿಂತಿರುತ್ತದೆ, ಯಾವ ಕಲ್ಲು ಎತ್ತ ಸರಿಯಬೇಕೆಂದು ಅಜ್ಜಿಯೂ ಹೇಳಬಹುದು. ಚೌಕಾಬಾರದಲ್ಲಿ ಕಾಯಿ ನಡೆಸಿ ಗೊತ್ತಿದ್ದವರಿಗೆ ಇದು ಕಷ್ಟವಲ್ಲ.

ವಯಸ್ಸಿನ ವಿಷಯದಲ್ಲಿ ಮಾತ್ರ ಸಡಿಲಿಕೆ ಬೇಡ. ಸೋನಿ ಸಂಸ್ಥೆ ತನ್ನ ಯಂತ್ರವನ್ನು 12 ವರ್ಷದೊಳಗಿನವರು ಬಳಸಬಾರದೆಂದು ಹೇಳುತ್ತದೆ. ಮೆಟಾ ಸಂಸ್ಥೆ ಮೊದಲು 13 ವರ್ಷವೆಂದಿದ್ದುದನ್ನು 2023ರಲ್ಲಿ, ತಂದೆತಾಯಿಯರ ಮೇಲ್ವಿಚಾರಣೆಯ ಖಾತೆಯಿದ್ದರೆ 10 ವರ್ಷಕ್ಕೆ ಇಳಿಸಿತು. ಪತ್ರದಲ್ಲಿನ ಹುಡುಗನಿಗೆ ಹನ್ನೆರಡು ತುಂಬಿರುವುದರಿಂದ ಎರಡು ಲೆಕ್ಕದಲ್ಲಿಯೂ ಅಡ್ಡಿಯಿಲ್ಲ. ಅವನ ತಂಗಿಗೆ ಏಳು ವರ್ಷವಂತೆ. ಅವಳಿಗೆ ಕಟ್ಟಬಾರದು, ಟಿ.ವಿ.ಯಲ್ಲಿ ನೋಡಲಿ. ಹುಡುಗನೂ ಅರ್ಧ ಗಂಟೆಗೊಮ್ಮೆ ಬಿಚ್ಚಿ ಕಣ್ಣಿಗೆ ವಿಶ್ರಾಂತಿ ಕೊಡಲಿ. ಹತ್ತಾರು ಸಾವಿರ ರೂಪಾಯಿಯ ಈ ಯಂತ್ರವನ್ನು ಕೊಬ್ಬರಿ ಮಾರಿದ ಹಣದಿಂದ ಹೊಸದಾಗಿ ಕೊಳ್ಳಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಮನೆಗೆ ಬಂದದ್ದನ್ನು ಅಟ್ಟದಿಂದ ಇಳಿಸಲು ಅಡ್ಡಿಯಿಲ್ಲ ಎಂದಷ್ಟೇ ಸೋದರಿಗೆ ನಮ್ಮ ಉತ್ತರ.

ಅರಸೀಕೆರೆಯವರಿಗೆ ಇನ್ನೊಂದು ಅನುಕೂಲವಿದೆ. ಹೊರಗೆ ನಿಂತು ಸಣ್ಣ ಲೋಕವೊಂದರೊಳಗೆ ಇಣುಕುವ ಅಭ್ಯಾಸ ಆ ಕಡೆಯ ಕಲ್ಲಿನಲ್ಲಿಯೇ ಇದೆ. ಊರೊಳಗಿನ ಶಿವಾಲಯ, ಸುಮಾರು 1220ರಲ್ಲಿ ಕಟ್ಟಿದ್ದು, ತನ್ನ ನಕ್ಷತ್ರಾಕಾರದ ಮಂಟಪದಿಂದ ಹೆಸರಾದದ್ದು. ಬೇಲೂರಿನ ಚೆನ್ನಕೇಶವ ಗುಡಿ 1117ರದು. ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿನ ಹೊಯ್ಸಳೇಶ್ವರ ಅದೇ ಶತಮಾನದ್ದು. ಇವೆರಡೂ ಸೋಮನಾಥಪುರದೊಡನೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿ ಸೇರಿದವು. ಹಳೇಬೀಡಿನ ಗೋಡೆಯಲ್ಲಿ ಆನೆಯ ಸಾಲು, ಸಿಂಹದ ಸಾಲು, ಕುದುರೆಯ ಸಾಲು, ಅವುಗಳ ಮೇಲೆ ರಾಮಾಯಣ ಭಾರತಗಳ ಗೇಣುದ್ದದ ಜನ. ಆ ಸಾಲಿನಲ್ಲಿ ಚಕ್ರವ್ಯೂಹವನ್ನು ಕೆತ್ತಿದ್ದಾರೆ. ಸುತ್ತುಸುತ್ತಾಗಿ ಒಳಗೆ ಸರಿಯುವ ದಾರಿ, ಅದರೊಳಗೆ ಅಭಿಮನ್ಯು. ಹೊರಗೆ ನಿಂತ ನಮಗೆ ವ್ಯೂಹದ ಇಡೀ ನಕ್ಷೆ ಒಂದೇ ನೋಟಕ್ಕೆ ಸಿಗುತ್ತದೆ. ಒಳಗಿರುವವನಿಗೆ ಎದುರಿನ ಗೋಡೆ ಮಾತ್ರ. ಅವನು ತಲೆಯೆತ್ತಿ ನಮ್ಮನ್ನು ನೋಡುವುದಿಲ್ಲ. ನಾವು ಹೇಳಿದರೂ ಕೇಳುವುದಿಲ್ಲ.

ಇಂಥ ಶಿಲ್ಪಗಳನ್ನು ಯಂತ್ರದೊಳಗೆ ತರುವ ವಿದ್ಯೆ ನಮ್ಮಲ್ಲಿ ಇಲ್ಲದೆ ಇಲ್ಲ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಹಂಪಿಯ ಸ್ಮಾರಕಗಳನ್ನು ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ರೂಪಿಸುವ ಯೋಜನೆ ನಡೆಯಿತು. ಕೆ.ಎಲ್.ಇ. ಸಂಸ್ಥೆಯ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿನವರು ಅದರಲ್ಲಿ ಪಾಲ್ಗೊಂಡಿದ್ದರು. 'ಡಿಜಿಟಲ್ ಹಂಪಿ' ಎಂಬ ಆಂಗ್ಲ ಗ್ರಂಥ 2017ರಲ್ಲಿ ಪ್ರಕಟವಾಯಿತು. ಮುಂದೊಂದು ದಿನ ನಮ್ಮ ಹುಡುಗರು ಹಳೇಬೀಡನ್ನು ಆಟವಾಗಿ ಕಟ್ಟುವುದಾದರೆ, ಗುಡಿಯೊಳಗೆ ಕತ್ತಿ ಹಿಡಿದು ಓಡುವ ಆಟಕ್ಕಿಂತ ಗೋಡೆಯ ಮುಂದೆ ಕುಳಿತು ನೆರವಾಗುವ ಆಟವನ್ನು ಕಟ್ಟಲೆಂದು ನಮ್ಮ ಆಸೆ. ಅಲ್ಲಿ ಒಮ್ಮೆಯಾದರೂ ಅಭಿಮನ್ಯು ಮುಖವೆತ್ತಿ ನೋಡಲಿ. ನಮ್ಮ ಮಗುವೊಂದು ಕಲ್ಲನ್ನು ಸರಿಸಿ ಅವನಿಗೆ ಹೊರದಾರಿ ತೋರಿಸಲಿ.

ಅಲ್ಲಿಯವರೆಗೆ ಹುಡುಗನನ್ನೂ ಅಜ್ಜಿಯನ್ನೂ ಒಂದು ಭಾನುವಾರ ಹಳೇಬೀಡಿಗೆ ಕರೆದೊಯ್ಯಬಹುದು. ಚಕ್ರವ್ಯೂಹದ ದಾರಿಯನ್ನು ಹುಡುಗ ಕಣ್ಣಿನಿಂದಲೇ ಬಿಡಿಸಲಿ, ಅಭಿಮನ್ಯುವಿನ ಕತೆಯನ್ನು ಅಜ್ಜಿ ಹೇಳಲಿ. ಆಟದ ಅಭ್ಯಾಸದಿಂದ ಅವನ ಕೈ ಮುಂದೆ ಹೋಗುತ್ತದೆ, ಅದನ್ನು ಮಾತ್ರ ತಡೆಯಬೇಕು. ಅದು ಮೃದುವಾದ ಬಳಪದ ಕಲ್ಲು, ಮುಟ್ಟಿ ಮುಟ್ಟಿ ಸವೆಯುತ್ತದೆ.