ಕುಂಬಿ ರಿಪೇರಿಗೆ ಊರಿಗೊಂದು ಸಾರುವೆ ಇರಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ಯಾವ ಊರಿನ ಪೇಟೆ ಬೀದಿಗಾದರೂ ಹೋಗಿ, ಒಮ್ಮೆ ತಲೆಯೆತ್ತಿ ನೋಡಿ. ಅಂಗಡಿಯ ಷಟರಿಗೆ ಹೊಸ ಬಣ್ಣ ಬಳಿದಿರುತ್ತಾರೆ, ಮೆಟ್ಟಿಲಿಗೆ ಗ್ರಾನೈಟ್ ಹಾಕಿಸಿರುತ್ತಾರೆ. ಅದೇ ಕಟ್ಟಡದ ನೆತ್ತಿಯಲ್ಲಿ ಕುಂಬಿಯ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿರುತ್ತದೆ. ಸಜ್ಜೆಯ ತುದಿಯಿಂದ ತುಕ್ಕು ಹಿಡಿದ ಸರಳು ಹೊರಗೆ ಇಣುಕಿರುತ್ತದೆ. ಮಳೆನೀರಿನ ಪೈಪಿನ ಪಕ್ಕದ ಬಿರುಕಿನಲ್ಲಿ ಅರಳಿ ಸಸಿ ಬೇರು ಬಿಟ್ಟಿರುತ್ತದೆ. ಅದರ ನೇರ ಕೆಳಗೆ ಮಿರ್ಚಿ ಬಂಡಿ ನಿಂತಿರುತ್ತದೆ, ಶಾಲೆ ಬಿಟ್ಟ ಮಕ್ಕಳು ನಡೆದು ಹೋಗುತ್ತಿರುತ್ತಾರೆ.

ನಾನು ಗೌಂಡಿ, ಕೊಟ್ಟೂರಿನವನು. ಅಪ್ಪನ ಕೈಕೆಳಗೆ ಕರಣಿ ಹಿಡಿಯಲು ಕಲಿತು, ಈ ಐದು ತಾಲ್ಲೂಕುಗಳಲ್ಲಿ ಮನೆ, ಮಠ, ಶಾಲೆ, ಅಂಗಡಿ ಕಟ್ಟುತ್ತಲೇ ಬದುಕಿದವನು. ನಮ್ಮ ಕಟ್ಟಡಗಳ ಮೇಲಂಚು ಹಾಳಾಗುತ್ತಿರುವುದಕ್ಕೆ ದುಡ್ಡಿನ ಕೊರತೆಯಾಗಲಿ ಕೆಲಸ ಬಲ್ಲವರ ಕೊರತೆಯಾಗಲಿ ಕಾರಣವಲ್ಲ. ಅಲ್ಲಿ ನಿಂತು ಕೆಲಸ ಮಾಡಲು ಜಾಗವಿಲ್ಲ, ಅದೇ ಕಾರಣ. ಆ ಜಾಗವನ್ನು ಕೊಡುವ ಹಗುರವಾದ, ಬಿಚ್ಚಿ ಹೊರಬಹುದಾದ ಸಾರುವೆಯೊಂದು ಪ್ರತಿ ಊರಿನ ಸಾರ್ವಜನಿಕ ಆಸ್ತಿಯಾಗಬೇಕು ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ಹಿಂದೆ ಈ ತೊಂದರೆ ಇರಲಿಲ್ಲ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳು ಎಂಟೊಂಬತ್ತು ಅಡಿಗಿಂತ ಎತ್ತರವಿರುತ್ತಿದ್ದದ್ದು ಕಡಿಮೆ. ತೊಲೆ, ಜಂತಿ, ಅದರ ಮೇಲೆ ಮಣ್ಣು. ರೋಹಿಣಿ ಮಳೆ ಬರುವುದರೊಳಗೆ ಮನೆಯವರೇ ಏಣಿ ಹಾಕಿ ಮೇಲೆ ಹತ್ತಿ ಕರಲು ಮಣ್ಣು ಹರಡಿ ತುಳಿಯುತ್ತಿದ್ದರು. ಕುಂಬಿಯ ಮೈಗೆ ಮಣ್ಣು ಮೆತ್ತುತ್ತಿದ್ದರು, ನೀರು ಹೋಗುವ ದೋಣಿಯ ಬಾಯಿ ಬಿಡಿಸುತ್ತಿದ್ದರು. ಹಾಗೆ ವರ್ಷಕ್ಕೊಮ್ಮೆಯಾದರೂ ಮನೆಯ ಮೇಲಂಚನ್ನು ಕಣ್ಣು ನೋಡುತ್ತಿತ್ತು, ಕೈ ಮುಟ್ಟುತ್ತಿತ್ತು.

ಆ ಪದ್ಧತಿ ಇಂದಿಗೂ ಉಳಿದಿರುವುದನ್ನು ನೋಡಬೇಕೆಂದರೆ ನಮ್ಮ ತಾಲ್ಲೂಕಿನ ಉಜ್ಜಿನಿಗೆ ಹೋಗಬೇಕು. ಮರುಳಸಿದ್ಧೇಶ್ವರ ದೇವಸ್ಥಾನದಲ್ಲಿ ಪ್ರತಿವರ್ಷ ರಥೋತ್ಸವದ ನಂತರ ಶಿಖರ ತೈಲಾಭಿಷೇಕ ನಡೆಯುತ್ತದೆ. ಜರಿಮಲೆ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುತ್ತದೆ, ಭಕ್ತರೂ ತರುತ್ತಾರೆ. ಶಿಖರ ಹತ್ತಿ ತುದಿಯಿಂದ ಎಣ್ಣೆ ಸುರಿಯುತ್ತಾರೆ. ಅದು ಭಕ್ತಿಯ ಸೇವೆ. ಗೌಂಡಿಯಾಗಿ ನನಗೆ ಅದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ: ವರ್ಷಕ್ಕೊಮ್ಮೆ ಮನುಷ್ಯ ಕಟ್ಟಡದ ನೆತ್ತಿಯವರೆಗೆ ಹೋಗಿ ಬರುತ್ತಾನೆ. ಎಲ್ಲಿ ಕಲ್ಲು ಸಡಿಲಾಗಿದೆ, ಎಲ್ಲಿ ಗಿಡ ಹುಟ್ಟಿದೆ ಎಂಬುದು ಅವನ ಕಣ್ಣಿಗೆ ಬೀಳದೆ ಇರದು.

ಹಳೆಯ ಶಿಲ್ಪಿಗಳಿಗೂ ಈ ಅಂಚಿನ ಬೆಲೆ ಗೊತ್ತಿತ್ತು. ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯನ್ನಾಗಲಿ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯನ್ನಾಗಲಿ ನೋಡಲು ಹೋದವರು ಕೆತ್ತನೆಯ ಜೊತೆಗೆ ಮೇಲಿನ ಕಲ್ಲಿನ ಸೂರನ್ನೂ ಗಮನಿಸಬೇಕು. ಸೂರು ಮುಂದಕ್ಕೆ ಚಾಚಿಕೊಂಡು ನೀರನ್ನು ಗೋಡೆಯಿಂದ ದೂರಕ್ಕೆ ಎಸೆಯುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಕೆತ್ತನೆಗಳು ಮಳೆಗೆ ಸವೆಯದೆ ನಮ್ಮವರೆಗೆ ಬಂದಿರುವುದರಲ್ಲಿ ಆ ಸೂರಿನ ಪಾಲೂ ಇದೆ. ಅಂಚು ಗಟ್ಟಿಯಿದ್ದರೆ ಗೋಡೆ ಉಳಿಯುತ್ತದೆ, ಅಂಚು ಹೋದರೆ ನೀರು ಒಳಗಿಳಿದು ಗೋಡೆಯನ್ನೂ ಕೊಂಡೊಯ್ಯುತ್ತದೆ.

ಈಗಿನ ಆರ್‌ಸಿಸಿ ಕಟ್ಟಡಗಳಲ್ಲಿ ಅಂಚು ಹೇಗೆ ಕೆಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ನಮ್ಮ ಬಿಸಿಲು ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹಗಲು ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಅದರ ಮೇಲೆ ನಾಲ್ಕೂವರೆ ಇಂಚಿನ ಇಟ್ಟಿಗೆಯ ಕುಂಬಿ ಕಟ್ಟಿದ್ದರೆ ಎರಡೂ ಸೇರುವ ಗೆರೆಯಲ್ಲಿ ಬಿರುಕು ಬಿಡುತ್ತದೆ. ಮೊದಲ ವರ್ಷ ಅದು ಕೂದಲೆಳೆ. ಅದರೊಳಗೆ ನೀರು ಇಳಿದು ಕಬ್ಬಿಣ ಮುಟ್ಟುತ್ತದೆ. ತುಕ್ಕಾದ ಕಬ್ಬಿಣಕ್ಕೆ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಜಾಗಕ್ಕಾಗಿ ಅದು ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ರಸ್ತೆಗೆ ಬೀಳುವುದು ಆ ಚೂರೇ.

ಸಜ್ಜೆಯ ಕತೆ ಇನ್ನೂ ಕಠಿಣ. ಗೋಡೆಯಿಂದ ಹೊರಗೆ ಚಾಚಿದ ಸಜ್ಜೆಯಲ್ಲಿ ಎಳೆತ ಬೀಳುವುದು ಮೇಲ್ಮೈಗೆ. ಆದ್ದರಿಂದ ಮುಖ್ಯ ಸರಳುಗಳು ಮೇಲುಗಡೆ ಇರಬೇಕು. ಕಾಂಕ್ರೀಟ್ ಸುರಿಯುವಾಗ ಆಳುಗಳು ಅವುಗಳ ಮೇಲೆ ಕಾಲಿಟ್ಟರೆ ಸರಳು ಕೆಳಗೆ ಇಳಿಯುತ್ತದೆ. ನೋಡುವ ಕಣ್ಣಿಗೆ ಸಜ್ಜೆ ಸರಿಯಾಗಿಯೇ ಇರುತ್ತದೆ, ಆದರೆ ಅದನ್ನು ಹಿಡಿದು ನಿಲ್ಲಿಸಬೇಕಾದ ಕಬ್ಬಿಣ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಅಂಥ ಸಜ್ಜೆಯ ಬುಡದಲ್ಲಿ ಮೇಲುಗಡೆ ಉದ್ದಕ್ಕೆ ಗೆರೆ ಕಂಡರೆ ಕೂಡಲೇ ಕೆಲಸಕ್ಕಿಳಿಯಬೇಕು. ಆ ಗೆರೆ ನೆಲದಿಂದ ಕಾಣುವುದಿಲ್ಲ.

ಇವುಗಳಲ್ಲಿ ಬಹುಪಾಲು ಸಣ್ಣ ಕೆಲಸಗಳು. ಬಿರುಕು ಕೆತ್ತಿ ತುಂಬುವುದು, ಸಜ್ಜೆಯ ಕೆಳಗಂಚಿನಲ್ಲಿ ನೀರು ಹಿಂದಕ್ಕೆ ಹರಿಯದಂತೆ ಗೀರು ಎಳೆಯುವುದು, ಅರಳಿ ಸಸಿಯನ್ನು ಬೇರುಸಹಿತ ತೆಗೆಯುವುದು, ತುಕ್ಕು ಉಜ್ಜಿ ಮತ್ತೆ ಗಾರೆ ಹಿಡಿಸುವುದು. ಅರ್ಧ ದಿನದ ಕೆಲಸ, ಅರ್ಧ ಚೀಲ ಸಿಮೆಂಟು. ಆದರೆ ಎರಡು ಅಂತಸ್ತಿನ ಮನೆಯ ಕುಂಬಿ ಎಂದರೆ ನೆಲದಿಂದ 23 ಅಡಿ. ಅಲ್ಲಿಗೆ ಬೊಂಬಿನ ಸಾರುವೆ ಕಟ್ಟಲು ಒಂದು ದಿನ, ಬಿಚ್ಚಲು ಅರ್ಧ ದಿನ. ಹೊಸಪೇಟೆ, ದಾವಣಗೆರೆಯಂಥ ಊರಿನಿಂದ ಕಬ್ಬಿಣದ ಕಪ್‌ಲಾಕ್ ಸಾಮಾನು ಬಾಡಿಗೆಗೆ ತರಿಸಿದರೆ ಲಾರಿ ಬಾಡಿಗೆಯೇ ಕೆಲಸದ ಕೂಲಿಯನ್ನು ಮೀರುತ್ತದೆ. ಮಾಲೀಕ ಲೆಕ್ಕ ಹಾಕಿ, ‘ಮುಂದಿನ ವರ್ಷ ಬಣ್ಣ ಹೊಡೆಸುವಾಗ ನೋಡೋಣ ಬಿಡು’ ಎನ್ನುತ್ತಾನೆ. ಮುಂದಿನ ವರ್ಷದ ಹೊತ್ತಿಗೆ ಬಿರುಕು ಬೆರಳು ಹಿಡಿಸುವಷ್ಟಾಗಿರುತ್ತದೆ.

ಕಾಯಲಾರದ ಮಾಲೀಕ ಬೇರೆ ದಾರಿ ಹಿಡಿಯುತ್ತಾನೆ. ಟ್ರ್ಯಾಕ್ಟರ್ ಟ್ರೇಲಿಯ ಮೇಲೆ ಏಣಿ ನಿಲ್ಲಿಸುತ್ತಾರೆ. ಎರಡು ಡ್ರಮ್ಮಿನ ಮೇಲೆ ಹಲಗೆ, ಹಲಗೆಯ ಮೇಲೆ ಸ್ಟೂಲು. ಜೆಸಿಬಿಯ ಬಕೆಟ್ಟಿನಲ್ಲಿ ಗೌಂಡಿಯನ್ನು ನಿಲ್ಲಿಸಿ ಮೇಲೆತ್ತುತ್ತಾರೆ. ನೀರಿನ ಟ್ಯಾಂಕಿನ ಕಂಬಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಹುಡುಗನ ಸೊಂಟಕ್ಕೆ ಬಿಗಿದು ಕುಂಬಿಯಿಂದಾಚೆ ಇಳಿಬಿಡುತ್ತಾರೆ. ಇವೆಲ್ಲ ನಾನು ಕಣ್ಣಾರೆ ಕಂಡವು. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರದ ಲೆಕ್ಕದಲ್ಲಿ ಇಡಬೇಕು. 20 ಅಡಿಗೆ ಹೋಗಲು ಬುಡ ಗೋಡೆಯಿಂದ ಐದು ಅಡಿ ದೂರವಿರಬೇಕು. ನಮ್ಮ ಹಳೆಯ ಓಣಿಗಳಲ್ಲಿ ಆ ಐದು ಅಡಿಯೇ ಸಿಗುವುದಿಲ್ಲ. ಸಿಕ್ಕರೂ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಕರಣಿ ಹಿಡಿದವನು ಬಾಂಡ್ಲಿಯನ್ನು ಎಲ್ಲಿಡಬೇಕು?

ಕಾನೂನು ಈ ಕೆಲಸಗಾರನ ಹತ್ತಿರ ಬರಲೇ ಇಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಮಾಡಿದ ಕೇಂದ್ರ ಕಾಯ್ದೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ ಅನ್ವಯಿಸಿತು. ₹10 ಲಕ್ಷ ಮೀರದ ಸ್ವಂತ ಮನೆಯ ಕೆಲಸವನ್ನು ಹೊರಗಿಟ್ಟಿತು. ದೊಡ್ಡ ಕಟ್ಟಡಗಳಿಗೆ ಅದರಿಂದ ಶಿಸ್ತು ಬಂತು. ಆದರೆ ಒಬ್ಬ ಗೌಂಡಿ, ಒಬ್ಬ ಹೆಲ್ಪರ್ ಸೇರಿ ಮಾಡುವ ಕುಂಬಿ ರಿಪೇರಿ ಎರಡೂ ಲೆಕ್ಕದಲ್ಲಿ ಹೊರಗುಳಿಯಿತು. ಸಾರುವೆ ಹೇಗಿರಬೇಕು, ಏಣಿ ಹೇಗಿರಬೇಕು ಎಂದು ಭಾರತೀಯ ಮಾನಕ ಐಎಸ್ 3696 ಎರಡು ಭಾಗಗಳಲ್ಲಿ ಹೇಳಿದೆ. ಆ ಪುಸ್ತಕ ನಮ್ಮ ಹಳ್ಳಿಯ ಮಾಳಿಗೆಯವರೆಗೆ ಹತ್ತಿ ಬರುವುದಿಲ್ಲ. ಬರಬೇಕಾದದ್ದು ಅದರಂತೆ ಮಾಡಿದ ಸಾಮಾನು.

ಅಂಥ ಸಾಮಾನು ಮಾಡುವುದು ಕಷ್ಟವಲ್ಲ. ಕೊಟ್ಟೂರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ನಾನು ಮಾಡಿಸಿಕೊಂಡಿದ್ದೇನೆ. ಚೌಕ ಪೈಪಿನ ಎರಡು ಚೌಕಟ್ಟು. ಅವು ಮಾಳಿಗೆಯ ಮೇಲೆಯೇ ಕಾಲೂರಿ ನಿಲ್ಲುತ್ತವೆ. ಮೇಲಿನ ತೋಳು ಕುಂಬಿಯನ್ನು ಮುಟ್ಟದೆ ದಾಟಿ ಹೊರಗೆ ಚಾಚುತ್ತದೆ. ಆ ತೋಳಿನಿಂದ ಇಳಿಬಿಟ್ಟ ಚೌಕಟ್ಟಿನಲ್ಲಿ ಎರಡು ಅಡಿ ಅಗಲದ ಹಲಗೆ, ಮೂರು ಕಡೆ ಸೊಂಟದೆತ್ತರದ ಕಂಬಿ, ಕರಣಿ ಉರುಳಿ ಬೀಳದಂತೆ ಕಾಲಬಳಿ ಅಡ್ಡಪಟ್ಟಿ. ಎಲ್ಲ ತುಂಡುಗಳೂ ಪಿನ್ನಿನಿಂದ ಸೇರುತ್ತವೆ. ಒಂದೊಂದನ್ನೂ ಒಬ್ಬರು ಮೆಟ್ಟಿಲಲ್ಲಿ ಹೊತ್ತು ಏರಬಹುದು. ಬಿಚ್ಚಿದರೆ ಲಗೇಜ್ ಆಟೊದಲ್ಲಿ ಹಿಡಿಸುತ್ತದೆ.

ಇದು ಬಾವಿಯ ಏತದ ಲೆಕ್ಕದಲ್ಲಿ ನಿಲ್ಲುತ್ತದೆ. ಗೌಂಡಿ, ಬಾಂಡ್ಲಿ, ಹಲಗೆ ಎಲ್ಲ ಸೇರಿ 120 ಕಿಲೊ ಎನ್ನಿ. ಅದು ಮುಂಗಾಲಿನಿಂದ ಎರಡು ಅಡಿ ಹೊರಗೆ ತೂಗುತ್ತದೆ. ಮುಂಗಾಲಿನಿಂದ ಒಳಕ್ಕೆ ಚಾಚಿದ ಚೌಕಟ್ಟಿನ ಬಾಲ ಐದು ಅಡಿ ಉದ್ದವಿದ್ದರೆ ಸರಿದೂಗಲು 48 ಕಿಲೊ ಸಾಕು. ಸಾಕಾಗುವಷ್ಟನ್ನೇ ಇಟ್ಟು ಜೀವ ತೂಗಬಾರದು. ನಾಲ್ಕು ಪಟ್ಟು ಬೇಕು. ಹಾಗಾಗಿ ಹಿಂದೆ 50 ಕಿಲೊದ ನಾಲ್ಕು ಮರಳಿನ ಚೀಲ, ಅದರ ಮೇಲೆ ಬಾಲಕ್ಕೂ ಕಾಲಮ್ಮಿಗೂ ಸೇರಿಸಿ ಒಂದು ಬಿಗಿತ. ಮುಂಗಾಲು ಗೋಡೆಯ ನೇರಕ್ಕೆ ಇರಬೇಕು, ಸಜ್ಜೆಯ ಮೇಲೆ ಎಂದಿಗೂ ಇಡಬಾರದು. ಕೆಲಸಗಾರನ ಬೆಲ್ಟಿನ ಹಗ್ಗವನ್ನು ಈ ಚೌಕಟ್ಟಿಗೆ ಕಟ್ಟದೆ ಬೇರೆ ಕಾಲಮ್ಮಿಗೆ ಕಟ್ಟಬೇಕು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಬೇಕು.

ಕುಂಬಿಗೇ ಕೊಂಡಿ ಸಿಕ್ಕಿಸಿ ತೊಟ್ಟಿಲು ಇಳಿಬಿಡುವ ಸುಲಭದ ದಾರಿಯೂ ಉಂಟು. ಅದನ್ನು ನಾನು ಒಪ್ಪುವುದಿಲ್ಲ. ರಿಪೇರಿ ಬೇಕಾಗಿರುವುದೇ ಕುಂಬಿಗೆ. ರೋಗಿಯ ಹೆಗಲ ಮೇಲೆ ವೈದ್ಯನನ್ನು ಕೂರಿಸಬಾರದು. ಸ್ಲ್ಯಾಬೇ ಜೋಲು ಬಿದ್ದಿದ್ದರೆ, ಮಣ್ಣಿನ ಮಾಳಿಗೆಯಾಗಿದ್ದರೆ ಈ ಸಾಮಾನು ಕೆಲಸಕ್ಕೆ ಬಾರದು; ನೆಲದಿಂದಲೇ ಸಾರುವೆ ಎಬ್ಬಿಸಬೇಕು. ಕುಂಬಿಯ ಹತ್ತಿರ ಕರೆಂಟಿನ ತಂತಿ ಹಾದಿದ್ದರೆ ಲೈನ್ ಬಂದ್ ಮಾಡಿಸದೆ ಕಬ್ಬಿಣವನ್ನು ಮೇಲೇರಿಸಕೂಡದು. ಕೆಳಗೆ ಓಡಾಟ ತಡೆಯಲು ಹಗ್ಗ ಕಟ್ಟಿ ಒಬ್ಬರನ್ನು ನಿಲ್ಲಿಸಬೇಕು. ಇಷ್ಟು ಕಟ್ಟುನಿಟ್ಟು ಇದ್ದರೆ ಅರ್ಧ ದಿನದ ಕೆಲಸ ಅರ್ಧ ದಿನದಲ್ಲೇ ಮುಗಿಯುತ್ತದೆ. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಕಿಟಕಿ ಮೇಲಿನ ಸಜ್ಜೆಗಳನ್ನು ಹೀಗೆಯೇ ರಜೆಯ ದಿನ ನೋಡಿ ಸರಿಮಾಡಿದೆವು. ಮಕ್ಕಳು ಅದರ ಕೆಳಗೇ ಊಟಕ್ಕೆ ಸಾಲಾಗಿ ಕೂರುತ್ತಿದ್ದರು.

ಆದರೆ ಪ್ರತಿ ಗೌಂಡಿಯೂ ಇದನ್ನು ಮಾಡಿಸಿಕೊಳ್ಳಲಾರ. ದಿನಗೂಲಿಯವನಿಗೆ ಅದು ದೊಡ್ಡ ಖರ್ಚು. ಮನೆ ಮಾಲೀಕನಿಗೆ ಅದು ಹತ್ತು ವರ್ಷಕ್ಕೊಮ್ಮೆ ಬೇಕಾಗುವ ವಸ್ತು. ಹೀಗೆ ಎಲ್ಲರಿಗೂ ಆಗಾಗ ಬೇಕು, ಯಾರಿಗೂ ದಿನವೂ ಬೇಡ ಎನ್ನುವಂಥದ್ದನ್ನು ಊರು ಇಟ್ಟುಕೊಳ್ಳಬೇಕು. ರಾಜ್ಯದಲ್ಲಿ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು ರೈತರಿಗೆ ನೇಗಿಲು, ಕೂರಿಗೆ, ರೋಟವೇಟರ್ ಬಾಡಿಗೆಗೆ ಕೊಡುತ್ತಿವೆ. ಅದೇ ಕ್ರಮದಲ್ಲಿ ಪ್ರತಿ ಪಟ್ಟಣದ ಸ್ಥಳೀಯ ಸಂಸ್ಥೆಯಲ್ಲಿ, ಪ್ರತಿ ಹೋಬಳಿಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಎರಡು ಜೊತೆ ಸಾರುವೆ, ನಾಲ್ಕು ಬೆಲ್ಟು, ಹೆಲ್ಮೆಟ್ಟು, ಬಲೆ ಇರಲಿ. ಶಾಲೆ, ಅಂಗನವಾಡಿ, ಆಸ್ಪತ್ರೆಗೆ ಉಚಿತ. ಮನೆಯವರಿಗೆ ಸಣ್ಣ ಬಾಡಿಗೆ. ನಕ್ಷೆಯನ್ನು ಎಂಜಿನಿಯರುಗಳು ಪರೀಕ್ಷಿಸಿ ಒಪ್ಪಲಿ, ನಿರ್ಮಿತಿ ಕೇಂದ್ರದವರು ಗೌಂಡಿಗಳಿಗೆ ತರಬೇತಿ ಕೊಡಲಿ. ತರಬೇತಿ ಪಡೆದವರ ಕೈಗೆ ಮಾತ್ರ ಸಾಮಾನು ಸಿಗಲಿ.

ಹಣದ ಮಾತು ಬರುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಸಂದಾಯವಾಗುತ್ತದೆ. ಮಂಡಳಿ ಕಾರ್ಮಿಕರಿಗೆ ಟೂಲ್‌ಕಿಟ್ ಕೊಟ್ಟದ್ದೂ ಇದೆ. ಕರಣಿ ಕೊಟ್ಟ ಮಂಡಳಿ ನಿಲ್ಲುವ ಹಲಗೆಯನ್ನೂ ಕೊಡಬೇಕು. ಇನ್ನೊಂದು ದಾರಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ನಮ್ಮ ಐದೂ ತಾಲ್ಲೂಕುಗಳು ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯದ ವ್ಯಾಪ್ತಿಯವು. 1997ರಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿದ್ದೇ ಆ ಸೌಲಭ್ಯದ ಆಸೆಯಿಂದ. 2021ರಲ್ಲಿ ಈ ಐದೂ ಸೇರಿದ ವಿಜಯನಗರ ಹೊಸ ಜಿಲ್ಲೆಯಾಯಿತು, ಹೊಸ ಕಟ್ಟಡಗಳು ಏಳುತ್ತಿವೆ. ಹೊಸ ಕೊಠಡಿಯ ಉದ್ಘಾಟನೆಗೆ ಸಿಗುವ ಹಣದಲ್ಲಿ ಒಂದು ಚೂರು ಇರುವ ಕೊಠಡಿಯ ಸಜ್ಜೆಗೂ ಸಿಗಬೇಕು.

ಅಪಘಾತವಾದರೆ ಹೊಣೆ ಯಾರು ಎಂದು ಅಧಿಕಾರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರತಿ ಸಾರಿ ಸಾಮಾನು ಕೊಡುವ ಮುನ್ನ ಪಿನ್ನು, ಬೆಸುಗೆ, ಹಗ್ಗ ಪರೀಕ್ಷಿಸಿ ಪುಸ್ತಕದಲ್ಲಿ ಸಹಿ ಹಾಕಬೇಕು, ಪಡೆದವರೂ ಸಹಿ ಹಾಕಬೇಕು, ವಿಮೆ ಮಾಡಿಸಬೇಕು. ಈಗ ಜೆಸಿಬಿ ಬಕೆಟ್ಟಿನಿಂದ ಬಿದ್ದವನಿಗೆ ಪರೀಕ್ಷೆಯೂ ಇಲ್ಲ, ಸಹಿಯೂ ಇಲ್ಲ, ಕೇಳುವವರೂ ಇಲ್ಲ. ಹೊಣೆಗೆ ಹೆದರಿ ದೂರ ನಿಂತರೆ ಬೀಳುವವರ ಸಂಖ್ಯೆ ಇಳಿಯುವುದಿಲ್ಲ.

ಮುಂಗಾರಿನ ಮೊದಲು ನಡೆಯುವ ಗ್ರಾಮಸಭೆಗಳಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ. ನಿಮ್ಮೂರಿನ ಶಾಲೆಯ ಸಜ್ಜೆ, ಬಸ್ ನಿಲ್ದಾಣದ ಕುಂಬಿ, ಅಂಗಡಿ ಸಾಲಿನ ಮೇಲಂಚು ಯಾವ ಸ್ಥಿತಿಯಲ್ಲಿವೆ ಎಂದು ಪಟ್ಟಿ ಮಾಡಿಸಿ. ಗೌಂಡಿಗಳೇ, ಟ್ರೇಲಿ ಮೇಲೆ ಏಣಿ ಇಟ್ಟು ಹತ್ತು ಎಂದರೆ ಹತ್ತುವುದಿಲ್ಲ ಎನ್ನಿ. ಒಬ್ಬರು ಒಲ್ಲೆ ಎಂದ ಕೆಲಸಕ್ಕೆ ಇನ್ನೊಬ್ಬರು ಹೋಗಬೇಡಿ. ನಾನು ಮಾಡಿಸಿದ ಚೌಕಟ್ಟಿನ ಅಳತೆಯನ್ನು ಯಾವ ಪಂಚಾಯಿತಿ ಕೇಳಿದರೂ ಕೊಡುತ್ತೇನೆ, ಬಂದು ಕಟ್ಟಿ ತೋರಿಸುತ್ತೇನೆ. ಅದಕ್ಕಿಂತ ಒಳ್ಳೆಯದನ್ನು ಯಾರಾದರೂ ಮಾಡಿದರೆ ಅದನ್ನೇ ಇಟ್ಟುಕೊಳ್ಳೋಣ. ಆದರೆ ಮಳೆ ಬರುವುದರೊಳಗೆ ಮಾಡೋಣ.