ಐವತ್ತೊಂದಕ್ಕೆ ಬೆಲೆಯಿಲ್ಲದ ಸದನ

ಐವತ್ತನಾಲ್ಕು ದೊಡ್ಡದೋ ನಲವತ್ತಾರು ದೊಡ್ಡದೋ? ಒಂದನೇ ಕ್ಲಾಸಿನ ಮಗುವನ್ನು ಕೇಳಿ, ಥಟ್ಟನೆ ಹೇಳುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರ ಡಿಸೆಂಬರ್ 14ರಂದು ಅಂಥ ಇಪ್ಪತ್ತು ಮಕ್ಕಳನ್ನು, ಆರು-ಏಳು ವರ್ಷದ ಕೂಸುಗಳನ್ನು, ಜೊತೆಗೆ ಶಾಲೆಯ ಆರು ಮಂದಿ ದೊಡ್ಡವರನ್ನು ಒಬ್ಬ ಗುಂಡಿಕ್ಕಿ ಕೊಂದ. ನಾಲ್ಕು ತಿಂಗಳ ಮೇಲೆ, 2013ರ ಏಪ್ರಿಲ್ 17ರಂದು, ಸೆನೆಟ್‌ನಲ್ಲಿ ಒಂದು ತಿದ್ದುಪಡಿ ಮತಕ್ಕೆ ಬಂತು. ಬಂದೂಕು ಮೇಳದಲ್ಲಿ, ಇಂಟರ್‌ನೆಟ್‌ನಲ್ಲಿ ಬಂದೂಕು ಕೊಳ್ಳುವವನ ಪೂರ್ವಾಪರ ವಿಚಾರಿಸಿ ಮಾರಿ ಎನ್ನುವುದಷ್ಟೇ ಅದರ ಸಾರ. ಬಂದೂಕು ಕಿತ್ತುಕೊಳ್ಳಿ ಎಂದಿರಲಿಲ್ಲ, ವಿಚಾರಿಸಿ ಎಂದಿತ್ತು. ಪರವಾಗಿ 54 ಮತ, ವಿರುದ್ಧ 46. ತಿದ್ದುಪಡಿ ಬಿದ್ದುಹೋಯಿತು.

ಹೌದು, ಬಿದ್ದುಹೋಯಿತು. ಐವತ್ತನಾಲ್ಕು ಸೋತಿತು. ‘ನಿಮಗೆ ನಾಚಿಕೆಯಾಗಬೇಕು’ ಎಂದು ಗ್ಯಾಲರಿಯಿಂದ ಹೆಂಗಸರ ಕೂಗು ಕೇಳಿತು. ಕೆಳಗೆ ಕೂತವರು ಕೇಳಿಸಿಕೊಂಡರು, ಎದ್ದು ಮನೆಗೆ ಹೋದರು.

ಬಂದೂಕಿನ ಲಾಬಿ ಗೆದ್ದಿತು ಎಂದರು ಎಲ್ಲರೂ. ಅದು ಅರ್ಧ ಸತ್ಯ. ಈ ತಿದ್ದುಪಡಿಗೆ ಅರವತ್ತು ಮತ ಬೇಕು ಎಂಬ ಷರತ್ತಿಗೆ ತಲೆಯಾಡಿಸಿ ಮತಕ್ಕೆ ಹಾಕಿದ್ದು ಯಾರು? ಬಹುಮತವಿದ್ದ ಡೆಮಾಕ್ರಟಿಕ್ ಪಕ್ಷದ ನಾಯಕ ಹ್ಯಾರಿ ರೀಡ್. ಆ ನಲವತ್ತಾರರಲ್ಲಿ ಒಂದು ಮತ ಅವರದೇ. ಮುಂದೊಂದು ದಿನ ಮತ್ತೆ ತರಲು ದಾರಿ ಇರಲಿ ಎಂಬ ತಾಂತ್ರಿಕ ಕಾರಣಕ್ಕೆ ಹಾಕಿದ್ದು. ಅದು ಗೆಲ್ಲುವ ದಿನ ಬರಲಿಲ್ಲ. ಸೆನೆಟ್ ದಾಟಿದ್ದರೂ ಅದು ಪ್ರತಿನಿಧಿ ಸಭೆಯಲ್ಲಿ ಸೋಲುತ್ತಿತ್ತು ಎನ್ನುವವರಿದ್ದಾರೆ. ಸೋಲಲಿ. ಅಲ್ಲಿ ಸೋಲಿಸುವವರು ತಮ್ಮ ಹೆಸರು ಬರೆಸಿ ಸೋಲಿಸಬೇಕಿತ್ತು.

ನನ್ನ ಸಿಟ್ಟು ಅಡ್ಡಗಾಲು ಹಾಕುವವರ ಮೇಲಲ್ಲ. ಅವರು ತಮ್ಮ ಯಜಮಾನರ ಕೆಲಸ ಮಾಡುತ್ತಾರೆ, ಬಚ್ಚಿಡುವುದೂ ಇಲ್ಲ. ಬಡವರ ಪರ, ಕರಿಯರ ಪರ, ವಲಸಿಗರ ಪರ ಎಂದು ಓಟು ಕೇಳಿ ಗೆದ್ದು ಬಂದು, ಕೈಯಲ್ಲಿ ಬಹುಮತ ಹಿಡಿದುಕೊಂಡು, ‘ಏನು ಮಾಡೋಣ, ನಿಯಮ ಹಾಗಿದೆ’ ಎನ್ನುವ ನಾಯಕರ ಮೇಲೆ ನನ್ನ ಸಿಟ್ಟು.

ಯಾವ ನಿಯಮ? ಚರ್ಚೆ ಮುಗಿಯಲು ಬಿಡದೆ ಮಸೂದೆಯನ್ನು ತಡೆಯುವ ಈ ಫಿಲಿಬಸ್ಟರ್ ಅಮೆರಿಕದ ಸಂವಿಧಾನದಲ್ಲಿ ಇಲ್ಲ. ಒಪ್ಪಂದಕ್ಕೆ, ಮಹಾಭಿಯೋಗಕ್ಕೆ, ಅಧ್ಯಕ್ಷರ ವೀಟೋ ಮುರಿಯಲಿಕ್ಕೆ, ಸಂವಿಧಾನದ ತಿದ್ದುಪಡಿಗೆ ಮೂರರಲ್ಲೆರಡು ಬೇಕು ಎಂದು ಬರೆದವರು ಮಾಮೂಲಿ ಕಾನೂನಿಗೂ ಬೇಕಿದ್ದರೆ ಬರೆಯುತ್ತಿರಲಿಲ್ಲವೇ? 1806ರಲ್ಲಿ ಸೆನೆಟಿನವರು ತಮ್ಮ ನಿಯಮಾವಳಿಯಲ್ಲಿ ಬಳಕೆಯಿಲ್ಲದ್ದನ್ನು ತೆಗೆಯಹೊರಟು, ಚರ್ಚೆ ನಿಲ್ಲಿಸಿ ಮತಕ್ಕೆ ಹಾಕುವ ದಾರಿಯನ್ನೂ ತೆಗೆದುಬಿಟ್ಟರು. ಆ ಬಿಲದಿಂದ ಹೊರಬಂದದ್ದು ಇದು. 1917ರಲ್ಲಿ ಮೂರರಲ್ಲೆರಡು ಮತದಿಂದ ಚರ್ಚೆ ಮುಗಿಸಬಹುದು ಎಂದರು. ಅದೇ ನಿಯಮ 22, ಅದರ ಹೆಸರು ಕ್ಲೋಚರ್. 1975ರಲ್ಲಿ ಅದನ್ನು ಐದರಲ್ಲಿ ಮೂರಕ್ಕೆ, ಅಂದರೆ ಅರವತ್ತಕ್ಕೆ ಇಳಿಸಿದರು. ಮನುಷ್ಯರು ಮಾಡಿದ್ದು, ಮನುಷ್ಯರು ಬದಲಿಸಿದ್ದು. ಇವತ್ತು ಅದನ್ನು ವೇದವಾಕ್ಯ ಮಾಡಿಕೊಂಡು ಕೂತಿದ್ದಾರೆ.

ಅಡ್ಡಿ ಮಾಡುವವರು ಗಂಟೆಗಟ್ಟಲೆ ನಿಂತು ಮಾತಾಡುತ್ತಾರೆ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಹಿಂದೆ ಹಾಗಿತ್ತು. ಲೂಸಿಯಾನಾದ ಹ್ಯೂಯಿ ಲಾಂಗ್ 1935ರಲ್ಲಿ ಹದಿನೈದು ಗಂಟೆಗೂ ಮೀರಿ ಮಾತಾಡುತ್ತಾ ಸಿಂಪಿ ಕರಿಯುವುದು ಹೇಗೆಂದು ಸದನಕ್ಕೆ ಪಾಠ ಹೇಳಿದ್ದ. 1957ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಟ್ರಾಮ್ ಥರ್ಮಂಡ್ ಕರಿಯರ ಮತದಾನದ ಹಕ್ಕಿನ ಮಸೂದೆ ತಡೆಯಲು 24 ಗಂಟೆ 18 ನಿಮಿಷ ನಿಂತೇ ಇದ್ದ. ಅವನ ಉದ್ದೇಶ ನೀಚ, ಆದರೆ ಕಾಲಾದರೂ ನೋಯಿತಲ್ಲ! ಎಪ್ಪತ್ತರ ದಶಕದಲ್ಲಿ ಅದೂ ಹೋಯಿತು. ಒಂದು ಮಸೂದೆ ತಡೆಯಲ್ಲಿದ್ದರೂ ಸದನ ಬೇರೆ ಕೆಲಸ ನಡೆಸಬಹುದು ಎಂಬ ಅನುಕೂಲ ಮಾಡಿಕೊಂಡರು. ಈಗ ಸೆನೆಟರ್ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ. ಅವರ ಕಚೇರಿಯ ಹುಡುಗನೊಬ್ಬ ಪಕ್ಷದವರಿಗೆ ‘ನಮ್ಮವರ ಆಕ್ಷೇಪ ಇದೆ’ ಎಂದು ತಿಳಿಸಿದರೆ ಮುಗಿಯಿತು, ಆ ಮಸೂದೆಗೆ ಅರವತ್ತು ಮತ ಹುಡುಕಿಕೊಂಡು ಬರಬೇಕು. ಟೀವಿಯಲ್ಲಿ ಆ ಸದನವನ್ನು ನೋಡಿ ಒಮ್ಮೆ. ಖಾಲಿ ಮೇಜುಗಳ ಸಾಲು. ಹಾಜರಿ ಎಣಿಸುವ ನೆಪದಲ್ಲಿ ಗುಮಾಸ್ತ ಒಂದು ಹೆಸರು ಕೂಗುತ್ತಾನೆ, ಸುಮ್ಮನಾಗುತ್ತಾನೆ, ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಹೆಸರು. ಉತ್ತರ ಕೊಡುವವರಿಲ್ಲ, ಕೊಡಲಿ ಎಂಬ ಉದ್ದೇಶವೂ ಇಲ್ಲ. ಪ್ರಸಾರದವರು ಹಿನ್ನೆಲೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕಿರುತ್ತಾರೆ. ಮಸೂದೆಗಳು ಸಾಯುವುದು ಹೀಗೆ. ಕೊಂದವನ ದನಿಯನ್ನು ಯಾರೂ ಕೇಳಿರುವುದಿಲ್ಲ.

ಕಡೇಪಕ್ಷ ಎದ್ದು ನಿಂತು ಮಾತಾಡಿ ತಡೆಯಿರಿ ಎಂದು ಕೇಳಿದವರಿದ್ದರು. ಆರೆಗನ್‌ನ ಜೆಫ್ ಮರ್ಕ್ಲಿ, ನ್ಯೂ ಮೆಕ್ಸಿಕೊದ ಟಾಮ್ ಯುಡಾಲ್, ಇಬ್ಬರೂ ಆಗ ಸದನಕ್ಕೆ ಹೊಸಬರು. 2011ರ ಆರಂಭದಲ್ಲೇ ಅವರು ನಿಯಮ ಬದಲಿಸಿ ಎಂದರು. ರೀಡ್ ಅದರ ಬದಲು ವಿರೋಧಿ ನಾಯಕ ಮಿಚ್ ಮಕಾನಲ್ ಜೊತೆ ‘ಸಜ್ಜನರ ಒಪ್ಪಂದ’ ಮಾಡಿಕೊಂಡರು. ಸಜ್ಜನಿಕೆ ಎಷ್ಟು ದಿನ ಉಳಿಯಿತೆಂದರೆ, 2012ರ ಮೇ ತಿಂಗಳಲ್ಲಿ ರೀಡ್ ಸದನದಲ್ಲೇ ನಿಂತು, ಆ ಇಬ್ಬರು ಹೇಳಿದ್ದೇ ಸರಿ, ನಾವು ತಪ್ಪು ಎಂದರು. ಅದೇ ಡಿಸೆಂಬರ್‌ನಲ್ಲಿ ಮಕಾನಲ್ ತಾವೇ ಮುಂದಿಟ್ಟ ಸಾಲದ ಮಿತಿಯ ಪ್ರಸ್ತಾವಕ್ಕೆ, ಡೆಮಾಕ್ರಟರು ಒಪ್ಪಿ ಮತಕ್ಕೆ ಹಾಕೋಣ ಎಂದ ಕೂಡಲೇ, ತಾವೇ ಅಡ್ಡಿ ಮಾಡಿದರು. ಇಂಥ ಮನುಷ್ಯನ ಜೊತೆ 2013ರ ಜನವರಿಯಲ್ಲಿ ರೀಡ್ ಮತ್ತೆ ಕೈಕುಲುಕಿದರು! ಆಗ ಅವರ ಕಡೆ ಐವತ್ತೈದು ಮಂದಿ ಇದ್ದರು. ಮರ್ಕ್ಲಿ, ಯುಡಾಲ್ ಕೇಳಿದ್ದು ಕಸದ ಬುಟ್ಟಿಗೆ ಹೋಯಿತು, ಒಂದೆರಡು ಸಣ್ಣಪುಟ್ಟ ಬದಲಾವಣೆ ಬಂತು. ಸ್ಯಾಂಡಿ ಹುಕ್‌ನ ಮಕ್ಕಳನ್ನು ಮಣ್ಣು ಮಾಡಿ ಆಗಿನ್ನೂ ಒಂದೂವರೆ ತಿಂಗಳು ಕಳೆದಿರಲಿಲ್ಲ.

ಕೈ ಕಟ್ಟಿಹಾಕಿತ್ತು ಎನ್ನುವಂತಿಲ್ಲ. ಅದೇ ವರ್ಷ ನವೆಂಬರ್ 21ರಂದು ಅದೇ ರೀಡ್ 52-48 ಮತದಿಂದ ನಿಯಮದ ಅರ್ಥವನ್ನೇ ತಿರುಗಿಸಿದರು. ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನ್ಯಾಯಾಧೀಶರ, ಅಧಿಕಾರಿಗಳ ನೇಮಕಕ್ಕೆ ಸರಳ ಬಹುಮತ ಸಾಕು ಎಂದಾಯಿತು. ಒಂದೇ ದಿನದ ಕೆಲಸ. 2017ರ ಏಪ್ರಿಲ್‌ನಲ್ಲಿ ಮಕಾನಲ್ ಅದೇ ದಾರಿ ಹಿಡಿದು ಸುಪ್ರೀಂ ಕೋರ್ಟಿಗೂ ಅದನ್ನೇ ಅನ್ವಯಿಸಿ ಗೋರ್ಸಚ್ ಅವರನ್ನು ಕೂರಿಸಿದರು. ಮುಂದೆ ಕ್ಯಾವನಾ 50-48, ಬ್ಯಾರೆಟ್ 52-48. ಈ ಮೂವರೂ ಸೇರಿಕೊಂಡ ಕೋರ್ಟು 2022ರ ಜೂನ್ 24ರಂದು ಗರ್ಭಪಾತದ ಹಕ್ಕನ್ನು ಹೆಂಗಸರ ಕೈಯಿಂದ ಕಿತ್ತುಕೊಂಡಿತು. ಜೀವಮಾನವಿಡೀ ಕೂರುವ ನ್ಯಾಯಾಧೀಶರಿಗೆ ಐವತ್ತು ಸಾಕು. ಅವರು ಕಿತ್ತುಕೊಂಡದ್ದನ್ನು ಕಾನೂನಿನ ಮೂಲಕ ಮರಳಿ ಕೊಡಿಸಲು ಅರವತ್ತು ಬೇಕು. ಇದು ಯಾವ ನ್ಯಾಯ?

ದುಡ್ಡಿನ ವಿಷಯಕ್ಕೆ ಬನ್ನಿ, ಇನ್ನೂ ಮಜ ಇದೆ. ತೆರಿಗೆ, ಬಜೆಟ್ ಸಂಬಂಧಪಟ್ಟ ಮಸೂದೆಗೆ ‘ರಿಕನ್ಸಿಲಿಯೇಷನ್’ ಎಂಬ ರಾಜಮಾರ್ಗ ಇದೆ, ಅಲ್ಲಿ ಫಿಲಿಬಸ್ಟರ್ ಕಾಲಿಡುವಂತಿಲ್ಲ. 2017ರಲ್ಲಿ ಕಂಪನಿಗಳ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿದ ಮಸೂದೆ 51-48ರಲ್ಲಿ ಪಾಸಾಯಿತು. 2025ರ ಜುಲೈನಲ್ಲಿ ಟ್ರಂಪ್ ಅವರ ದೊಡ್ಡ ತೆರಿಗೆ ಮಸೂದೆ, ಬಡವರ ಮೆಡಿಕೇಡ್‌ಗೆ ಕತ್ತರಿ ಹಾಕಿದ್ದು, 50-50ರಲ್ಲಿ ನಿಂತಾಗ ಉಪಾಧ್ಯಕ್ಷ ವ್ಯಾನ್ಸ್ ಬಂದು ಒಂದು ಮತ ಹಾಕಿ ದಾಟಿಸಿದರು. ಕೂಲಿಯವನ ಸರದಿ ಬಂದಾಗ ಏನಾಯಿತು? ಗಂಟೆಗೆ ಹದಿನೈದು ಡಾಲರ್ ಕನಿಷ್ಠ ಕೂಲಿಯನ್ನು 2021ರಲ್ಲಿ ಇದೇ ದಾರಿಯಲ್ಲಿ ತರಹೊರಟರೆ, ಸದನದ ನಿಯಮ ಸಲಹೆಗಾರ್ತಿ ‘ಇದು ಈ ದಾರಿಗೆ ಹೊಂದುವುದಿಲ್ಲ’ ಎಂದರು. ಮುಗಿಯಿತು. ಪೀಠದಲ್ಲಿ ಕೂರುವ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಆ ಸಲಹೆಯನ್ನು ಬದಿಗಿಡಬಹುದಿತ್ತು, ಇಡಲಿಲ್ಲ. 2001ರಲ್ಲಿ ರಿಪಬ್ಲಿಕನ್ ನಾಯಕ ಟ್ರೆಂಟ್ ಲಾಟ್, ಬಜೆಟ್ ವಿಷಯದಲ್ಲಿ ತಮಗೆ ಒಗ್ಗದ ತೀರ್ಪು ಕೊಟ್ಟ ಸಲಹೆಗಾರನನ್ನು ಕೆಲಸದಿಂದಲೇ ತೆಗೆದಿದ್ದರು. ಅವರಿಗೆ ಬೇಕಿತ್ತು, ಮಾಡಿದರು. ಇವರಿಗೆ ಬೇಕಿತ್ತೇ ಎಂಬುದೇ ನನ್ನ ಅನುಮಾನ. ಸೆನೆಟರ್ ಬರ್ನಿ ಸ್ಯಾಂಡರ್ಸ್ ಹಟ ಹಿಡಿದು ಮತಕ್ಕೆ ಹಾಕಿಸಿದಾಗ ಡೆಮಾಕ್ರಟರ ಸಾಲಿನ ಎಂಟು ಮಂದಿಯೇ ವಿರುದ್ಧ ನಿಂತರು. ಅಲ್ಲಿಯತನಕ ಅವರೆಲ್ಲ ಫಿಲಿಬಸ್ಟರ್‌ನ ನೆರಳಿನಲ್ಲಿ ಬಡವರ ಬಂಧುಗಳಾಗಿ ಹಾಯಾಗಿದ್ದರು.

ಈ ನಿಯಮ ನಾಯಕರಿಗೆ ಆಪ್ಯಾಯಮಾನ ಆಗಿರುವುದು ಇದಕ್ಕೇ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಊರಿಗೆ ಬಂದು ‘ನಾನು ಪರವಾಗಿದ್ದೆ, ಅರವತ್ತು ಸಿಗಲಿಲ್ಲ’ ಎಂದರೆ ಆಯಿತು.

ಇದು ಇವತ್ತಿನ ಕಾಯಿಲೆಯೂ ಅಲ್ಲ. ಕರಿಯರನ್ನು ಗುಂಪುಗಟ್ಟಿ ಹಿಡಿದು ಮರಕ್ಕೆ ನೇತುಹಾಕುತ್ತಿದ್ದ ಕಾಲದಲ್ಲಿ, 1922ರ ಜನವರಿಯಲ್ಲಿ, ಪ್ರತಿನಿಧಿ ಸಭೆ 230-119 ಮತದಿಂದ ಅದನ್ನು ತಡೆಯುವ ಡೈಯರ್ ಮಸೂದೆ ಪಾಸು ಮಾಡಿತು. ಸೆನೆಟ್‌ನಲ್ಲಿ ಬಹುಮತ ಯಾರದ್ದು? ಲಿಂಕನ್‌ನ ರಿಪಬ್ಲಿಕನ್ ಪಕ್ಷದ್ದು. ದಕ್ಷಿಣದ ಸೆನೆಟರುಗಳು ಅಡ್ಡಿ ಶುರು ಮಾಡಿದ್ದೇ ತಡ, ಆ ಪಕ್ಷದ ನಾಯಕರು ಮಸೂದೆಯನ್ನು ಕೈಬಿಟ್ಟರು. ಮೂವತ್ತರ ದಶಕದಲ್ಲಿ ಮತ್ತೆ ತಂದರು, ಮತ್ತೆ ಅದೇ ಗತಿ. ಸೆನೆಟ್ 2005ರಲ್ಲಿ ಇದಕ್ಕಾಗಿ ಕ್ಷಮೆ ಕೇಳಿತು. ಹಾಗೆ ಕೊಲ್ಲುವುದನ್ನು ಕೇಂದ್ರ ಕಾನೂನಿನಡಿ ಅಪರಾಧವೆಂದು ಸಾರುವ ಎಮ್ಮೆಟ್ ಟಿಲ್ ಕಾಯ್ದೆಗೆ ಸಹಿ ಬಿದ್ದದ್ದು 2022ರ ಮಾರ್ಚ್ 29ರಂದು. ನೂರು ವರ್ಷ! ಸದನದಲ್ಲಿ ಅಲ್ಪಮತದವರ ರಕ್ಷಣೆಗೆ ಈ ನಿಯಮ ಇರಬೇಕು ಎನ್ನುವ ಪಂಡಿತರು ಈ ನೂರು ವರ್ಷದ ಲೆಕ್ಕ ಕೊಡಲಿ. ಅಲ್ಪಮತದ ಸೆನೆಟರುಗಳಿಗೆ ರಕ್ಷಣೆ ಸಿಕ್ಕಿತು, ಸರಿ. ಮರಕ್ಕೆ ನೇತುಬಿದ್ದವರಿಗೆ?

ಮನಸ್ಸಿದ್ದ ನಾಯಕರು ಗೆದ್ದದ್ದೂ ಉಂಟು. 1964ರ ನಾಗರಿಕ ಹಕ್ಕುಗಳ ಮಸೂದೆಗೆ ದಕ್ಷಿಣದವರು ಅರವತ್ತು ಕಲಾಪದ ದಿನ ಅಡ್ಡಿ ಮಾಡಿದರು. ಅಧ್ಯಕ್ಷ ಜಾನ್ಸನ್, ಸೆನೆಟರುಗಳಾದ ಮ್ಯಾನ್ಸ್‌ಫೀಲ್ಡ್, ಹಂಫ್ರಿ ಬಿಡಲಿಲ್ಲ. ರಿಪಬ್ಲಿಕನ್ ಡರ್ಕ್ಸನ್‌ರನ್ನು ಒಲಿಸಿ ಜೂನ್ 10ರಂದು ಮತಕ್ಕೆ ಹಾಕಿದರು. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಮೆದುಳಿನ ಗಡ್ಡೆಯಿಂದ ಸಾಯುವ ಸ್ಥಿತಿಯಲ್ಲಿದ್ದರು, ಮಾತು ನಿಂತುಹೋಗಿತ್ತು. ಗಾಲಿಕುರ್ಚಿಯಲ್ಲಿ ಅವರನ್ನು ಸದನಕ್ಕೆ ತಂದರು. ಗುಮಾಸ್ತ ಹೆಸರು ಕೂಗಿದ. ಎಂಗಲ್ ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ನಡುಗುವ ಕೈ ಎತ್ತಿ ತಮ್ಮ ಕಣ್ಣನ್ನು ತೋರಿಸಿದರು. ಅವರ ಭಾಷೆಯಲ್ಲಿ ‘ಹೌದು’ ಮತಕ್ಕೂ ಕಣ್ಣಿಗೂ ಒಂದೇ ಉಚ್ಚಾರ. 71-29. ಮುಂದಿನ ತಿಂಗಳೇ ಅವರು ತೀರಿಕೊಂಡರು. ಸಾಯುತ್ತಿದ್ದವನು ಬಂದು ಹಾಕಿದ ಮತವದು. ಗಟ್ಟಿಮುಟ್ಟಾಗಿ ಓಡಾಡುತ್ತಾ ‘ಪರಂಪರೆ’ ಎನ್ನುವವರಿಗೆ ಹೇಳುವುದೇನಿದೆ?

ನಾಗರಿಕ ಹಕ್ಕುಗಳ ಹೋರಾಟದಲ್ಲಿ ತಲೆ ಒಡೆಸಿಕೊಂಡ ಜಾನ್ ಲೂಯಿಸ್ 2020ರಲ್ಲಿ ಹೋದರು. ಅವರ ಅಂತ್ಯಸಂಸ್ಕಾರದ ಭಾಷಣದಲ್ಲೇ ಒಬಾಮ ಫಿಲಿಬಸ್ಟರನ್ನು ವರ್ಣಭೇದದ ಕಾಲದ ಪಳೆಯುಳಿಕೆ ಎಂದರು. ಲೂಯಿಸ್ ಹೆಸರಿನ ಮತದಾನ ಹಕ್ಕಿನ ಮಸೂದೆಗೆ ಡೆಮಾಕ್ರಟರು ಏನು ಮಾಡಿದರು? ಅಧ್ಯಕ್ಷ ಬೈಡನ್ ನಿಯಮ ಬದಲಿಸಿ ಎಂದು ಬಾಯಿಬಿಟ್ಟು ಕೇಳಲು ಪೂರಾ ಒಂದು ವರ್ಷ ತೆಗೆದುಕೊಂಡರು. 2022ರ ಜನವರಿ 19ರಂದು ನಾಯಕ ಚಕ್ ಶೂಮರ್ ಆ ಒಂದು ಮಸೂದೆಗಷ್ಟೇ ‘ನಿಂತು ಮಾತಾಡಿ ತಡೆಯಿರಿ’ ಎಂಬ ನಿಯಮ ತರಹೊರಟರು. ಅವರದೇ ಪಕ್ಷದ ಸೆನೆಟರುಗಳಾದ ಮ್ಯಾಂಚಿನ್, ಸಿನೆಮಾ ಇಬ್ಬರೂ ಎದುರಾಳಿಗಳ ಜೊತೆ ಹೋದರು, 48-52ರಲ್ಲಿ ಸೋಲಾಯಿತು. ಅಂದಹಾಗೆ, ಬಂದೂಕು ಕೊಳ್ಳುವವನ ಹಿನ್ನೆಲೆ ತಪಾಸಣೆಯ ಆ ತಿದ್ದುಪಡಿ ಬರೆದವರಲ್ಲಿ ಒಬ್ಬರು ಇದೇ ಮ್ಯಾಂಚಿನ್. ಸ್ವಂತ ಕೂಸನ್ನು ಕೊಂದ ನಿಯಮವನ್ನು ಅವರು ಒಂಬತ್ತು ವರ್ಷದ ಮೇಲೆ ಕಾಪಾಡಿದರು.

ಇತ್ತ ರೀಡ್ 2019ರಲ್ಲಿ, ನಿವೃತ್ತಿಯಾದ ಮೇಲೆ, ಪತ್ರಿಕೆಯಲ್ಲಿ ಲೇಖನ ಬರೆದು ಫಿಲಿಬಸ್ಟರ್ ತೆಗೆದುಹಾಕಿ ಎಂದರು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ.

ಈಗ ನನ್ನನ್ನು ಕೇಳುತ್ತಾರೆ: 2025ರ ಅಕ್ಟೋಬರ್, ನವೆಂಬರ್‌ನಲ್ಲಿ 43 ದಿನ ಸರಕಾರಕ್ಕೇ ಬೀಗ ಬಿದ್ದಾಗ ಟ್ರಂಪ್ ಕೂಡ ಫಿಲಿಬಸ್ಟರ್ ತೆಗೆಯಿರಿ ಎಂದು ಕೂಗಿದರು, ಅವರ ಪಕ್ಷದ ಸೆನೆಟ್ ನಾಯಕ ಥೂನ್ ಒಪ್ಪಲಿಲ್ಲ, ಈಗಲೂ ನಿಮ್ಮದು ಅದೇ ಮಾತೇ? ಅದೇ ಮಾತು. ಗೆದ್ದವನು ಕೆಟ್ಟ ಕಾನೂನು ತಂದರೆ ತರಲಿ, ತಂದವನ ಮುಖ ಜನರಿಗೆ ಕಾಣಲಿ, ಮುಂದಿನ ಚುನಾವಣೆಯಲ್ಲಿ ಜನ ಲೆಕ್ಕ ಚುಕ್ತಾ ಮಾಡಲಿ. ಐದು ಮುಕ್ಕಾಲು ಲಕ್ಷ ಜನರ ವಯೋಮಿಂಗ್‌ಗೂ ಇಬ್ಬರು, ಸುಮಾರು ನಾಲ್ಕು ಕೋಟಿಯ ಕ್ಯಾಲಿಫೋರ್ನಿಯಾಗೂ ಇಬ್ಬರು ಸೆನೆಟರುಗಳಿರುವ ಸದನದಲ್ಲಿ ಸಣ್ಣವರಿಗೆ ಆಗಲೇ ಬೇಕಾದಷ್ಟು ರಕ್ಷಣೆ ಇದೆ, ಅದರ ಮೇಲೆ ಇನ್ನೊಂದು ಬೇಲಿ ಯಾಕೆ? ನಮ್ಮಲ್ಲಿ ರೋಗವೇ ಬೇರೆ. 2020ರಲ್ಲಿ ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳನ್ನು ಗದ್ದಲದ ನಡುವೆ ಧ್ವನಿಮತದಲ್ಲಿ ದಾಟಿಸಿದ್ದು ನೆನಪಿದೆ. ಅದರ ಮದ್ದು ಚರ್ಚೆ. ಫಿಲಿಬಸ್ಟರ್ ಚರ್ಚೆಯಲ್ಲ, ಚರ್ಚೆಯ ಹೆಸರಿನ ಮೌನ.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಇದು ದೂರದ ಸುದ್ದಿಯಲ್ಲ. ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಎಂಬ ಮಿತಿಯನ್ನು ಉದ್ಯೋಗದ ಪಾಲಿನಲ್ಲಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಪ್ರತಿನಿಧಿ ಸಭೆಯಲ್ಲಿ 365-65ರಲ್ಲಿ ಪಾಸಾಯಿತು. ಸೆನೆಟ್‌ನಲ್ಲಿ ಒಬ್ಬೊಬ್ಬರೇ ಸೆನೆಟರ್ ಸರದಿಯ ಮೇಲೆ ಆಕ್ಷೇಪ ಎತ್ತಿ ಕೂತರು. ಫಿಲಿಬಸ್ಟರ್‌ನ ತಮ್ಮ ಅದು. ಅವರಲ್ಲಿ ಡೆಮಾಕ್ರಟರ ಉಪನಾಯಕ ಡಿಕ್ ಡರ್ಬಿನ್ ಕೂಡ ಒಬ್ಬರು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೊಂದು ರೂಪದಲ್ಲಿ ಒಪ್ಪುವ ಹೊತ್ತಿಗೆ ಅವಧಿಯೇ ಮುಗಿಯುತ್ತ ಬಂದಿತ್ತು. ಬೆಂಗಳೂರು, ಮೈಸೂರಿನಿಂದ ಹೋದ ತಂದೆ-ತಾಯಿ ಸಾಲಿನಲ್ಲಿ ನಿಂತೇ ಇದ್ದಾರೆ, ಮಕ್ಕಳಿಗೆ ಇಪ್ಪತ್ತೊಂದು ತುಂಬಿ ಅವರು ಸಾಲಿನಿಂದಲೇ ಆಚೆ ಬೀಳುತ್ತಿದ್ದಾರೆ.

ಅಲ್ಲಿ ಮತದ ಹಕ್ಕಿರುವ ಕನ್ನಡಿಗರೇ, ಓಟು ಮತ್ತು ಚಂದಾ ಕೇಳಿಕೊಂಡು ಅಭ್ಯರ್ಥಿಗಳು ನಿಮ್ಮ ಕನ್ನಡ ಕೂಟದ ದೀಪಾವಳಿಗೆ ಬರುತ್ತಾರೆ, ನಮಸ್ಕಾರ ಎನ್ನುತ್ತಾರೆ, ಶಾಲು ಹೊದೆಸಿಕೊಳ್ಳುತ್ತಾರೆ. ಶಾಲು ಹೊದೆಸುವ ಮೊದಲು ಮೈಕು ಅವರ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: ಐವತ್ತೊಂದು ಸಾಕೋ, ಅರವತ್ತು ಬೇಕೋ? ‘ನೋಡೋಣ’ ಎಂದವರಿಗೆ ಓಟೂ ಬೇಡ, ಶಾಲೂ ಬೇಡ.